ರೂಪ ಉಳಿದು ಶಕ್ತಿ ಅಳಿದಾಗ: ಇನ್ಸುಲಿನ್ ಮತ್ತು ಪ್ರಮಾಣವಿಚಾರ

ವಸ್ತುವೊಂದರ ರೂಪ ಇದ್ದಂತೆಯೇ ಇದ್ದು ಅದರ ಶಕ್ತಿ ಮಾತ್ರ ನಾಶವಾಗಿದ್ದರೆ ಆ ನಾಶವನ್ನು ತಿಳಿಯುವ ಬಗೆ ಯಾವುದು ಎಂಬುದು ಭಾರತೀಯ ದರ್ಶನಗಳು ಬಹುಕಾಲ ವಾದಿಸಿದ ಪ್ರಶ್ನೆ. ಯಥಾರ್ಥವಾದ ತಿಳಿವಳಿಕೆಗೆ ಸಾಧನವಾದದ್ದನ್ನು ಈ ದರ್ಶನಗಳು ಪ್ರಮಾಣ ಎನ್ನುತ್ತವೆ. ಇಂದ್ರಿಯಗಳಿಂದ ನೇರವಾಗಿ ಅರಿಯುವುದು ಪ್ರತ್ಯಕ್ಷ, ಕಂಡದ್ದರ ಬಲದಿಂದ ಕಾಣದ್ದನ್ನು ನಿಶ್ಚಯಿಸುವುದು ಅನುಮಾನ, ನಂಬಿಕೆಗೆ ಅರ್ಹನಾದವನ ಮಾತಿನಿಂದ ತಿಳಿಯುವುದು ಶಬ್ದ ಅಥವಾ ಆಗಮ. ಚಾರ್ವಾಕರು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಒಪ್ಪಿದರೆ ಬೌದ್ಧ ತಾರ್ಕಿಕರು ಮೊದಲ ಎರಡನ್ನು, ಸಾಂಖ್ಯರೂ ದ್ವೈತಿಗಳೂ ಮೂರನ್ನೂ ಒಪ್ಪುತ್ತಾರೆ, ನೈಯಾಯಿಕರು ಹೋಲಿಕೆಯಿಂದ ತಿಳಿಯುವ ಉಪಮಾನವನ್ನು ಸೇರಿಸಿ ನಾಲ್ಕೆನ್ನುತ್ತಾರೆ. ಮಧುಮೇಹಿಯೊಬ್ಬರ ಮನೆಯಲ್ಲಿರುವ ಇನ್ಸುಲಿನ್ ಸೀಸೆಯೊಳಗಿನ ದ್ರವ ಈಗಲೂ ಔಷಧವೇ ಅಲ್ಲವೇ ಎಂದು ಕೇಳಿದ ಕೂಡಲೇ ಈ ಹಳೆಯ ವಾದಗಳೆಲ್ಲ ಪ್ರಾಣಾಂತಿಕವಾದ ಒಂದು ವ್ಯವಹಾರದ ಮುಂದೆ ಬಂದು ನಿಲ್ಲುತ್ತವೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮೊದಲ ಬಾರಿಗೆ ಮಧುಮೇಹದ ರೋಗಿಯೊಬ್ಬನಿಗೆ ಚುಚ್ಚಿ ಕೊಡಲಾದ ಇನ್ಸುಲಿನ್, 51 ಅಮೈನೋ ಆಮ್ಲಗಳು ಎರಡು ಸರಪಳಿಗಳಾಗಿ ಹೆಣೆದುಕೊಂಡ ಪ್ರೋಟೀನು. ಈ ಸರಪಳಿಗಳು ಒಂದು ನಿಯತ ಆಕಾರದಲ್ಲಿ ಮಡಚಿಕೊಂಡಿದ್ದಾಗ ಮಾತ್ರ ಅದು ಜೀವಕೋಶದ ಮೇಲಿನ ಗ್ರಾಹಕಕ್ಕೆ ಕೂಡಿಕೊಂಡು ತನ್ನ ಕೆಲಸ ಮಾಡಬಲ್ಲದು. ಸೀಸೆಯೊಳಗೆ ಸಾಮಾನ್ಯವಾಗಿ ಆರು ಅಣುಗಳು ಸತುವಿನ ಆಸರೆಯಲ್ಲಿ ಒಂದು ಗುಂಪಾಗಿ ಭದ್ರವಾಗಿರುತ್ತವೆ. ಬಿಸಿ ಹೆಚ್ಚಿದಾಗ ಅಥವಾ ಸೀಸೆಯನ್ನು ಜೋರಾಗಿ ಕುಲುಕಿದಾಗ ಗುಂಪು ಒಡೆದು, ಬಿಡಿಯಾದ ಅಣುಗಳು ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ ಸೂಕ್ಷ್ಮವಾದ ಎಳೆಗಳಾಗುತ್ತವೆ, ಮತ್ತು ಹಾಗೆ ಎಳೆಯಾದದ್ದನ್ನು ತಣ್ಣಗಿಟ್ಟರೂ ಅದು ಮರಳಿ ಔಷಧವಾಗುವುದಿಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ನಿನ ಗತಿಯೂ ಇದೇ: ಫ್ರೀಜರಿನಲ್ಲಿ ಗಡ್ಡೆಕಟ್ಟಿದ ಸೀಸೆ ಕರಗಿ ಮೊದಲಿನಂತೆ ಕಂಡರೂ ಬಳಕೆಗೆ ಯೋಗ್ಯವಲ್ಲ.

ಇಲ್ಲಿ ಪ್ರತ್ಯಕ್ಷಕ್ಕೆ ಸಿಗುವುದು ಬಹಳ ಕಡಿಮೆ. ಹಾಲು ಕೆಟ್ಟರೆ ಒಡೆಯುತ್ತದೆ, ಹುಳಿ ನಾರುತ್ತದೆ, ಕೆಟ್ಟಿರುವುದನ್ನು ತಾನೇ ಸಾರುತ್ತದೆ. ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ತನ್ನ ಬಲದ ಒಂದು ಭಾಗವನ್ನು ಕಳೆದುಕೊಂಡ ಮೇಲೂ ತಿಳಿಯಾಗಿಯೇ ಇರಬಲ್ಲದು. ತಿಳಿಯಾದದ್ದು ಮಬ್ಬಾದರೆ, ಅಥವಾ ಸ್ವಭಾವತಃ ಬೆಳ್ಳಗಿರುವ ಎನ್‌ಪಿಎಚ್ ಬಗೆಯ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹೊರಳಿಸಿದ ಮೇಲೂ ತಳದಲ್ಲಿ ಗಂಟು ಉಳಿದರೆ, ಸೀಸೆಯ ಒಳಗೋಡೆಗೆ ಇಬ್ಬನಿಯಂಥ ಬಿಳಿಯ ಪದರ ಹತ್ತಿದ್ದರೆ, ಅದು ಕೆಟ್ಟಿದೆ ಎಂದು ಕಣ್ಣು ಹೇಳಬಲ್ಲದು. ಆದರೆ ಈ ಚಿಹ್ನೆಗಳು ಕಾಣಲಿಲ್ಲವೆಂಬ ಕಾರಣಕ್ಕೆ ಕೆಟ್ಟಿಲ್ಲ ಎಂದು ಹೇಳುವ ಅಧಿಕಾರ ಕಣ್ಣಿಗಿಲ್ಲ. ಚಾರ್ವಾಕನ ಮತವನ್ನು ಗ್ರಂಥಗಳಲ್ಲಿ ಖಂಡಿಸುವ ಪಂಡಿತರೂ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ತೃಪ್ತರಾಗುವ ಹೊತ್ತಿಗೆ ಚಾರ್ವಾಕರೇ ಆಗಿಬಿಡುತ್ತಾರೆ.

ರೂಪಕ್ಕೂ ಸಾಮರ್ಥ್ಯಕ್ಕೂ ಇರುವ ಈ ಅಂತರವನ್ನು ಆಯುರ್ವೇದವು ವೀರ್ಯ ಎಂಬ ಕಲ್ಪನೆಯ ಮೂಲಕ ಗುರುತಿಸಿತ್ತು. ದ್ರವ್ಯವು ಯಾವುದರಿಂದ ಕಾರ್ಯವನ್ನು ಮಾಡುತ್ತದೆಯೋ ಅದೇ ಅದರ ವೀರ್ಯ. ಕಾಲ ಕಳೆದಂತೆ ಔಷಧ ಹೀನವೀರ್ಯವಾಗುತ್ತದೆ ಎಂಬುದನ್ನು ಶಾರ್ಙ್ಗಧರ ಸಂಹಿತೆಯು ಅವಧಿಗಳ ಸಮೇತ ಹೇಳುತ್ತದೆ: ಚೂರ್ಣಕ್ಕೆ ಎರಡು ತಿಂಗಳು, ಗುಳಿಗೆ ಮತ್ತು ಲೇಹ್ಯಗಳಿಗೆ ಒಂದು ವರ್ಷ, ಆದರೆ ಆಸವಗಳು ಹಳೆಯವಾದಷ್ಟೂ ಗುಣವುಳ್ಳವು. ಔಷಧದ ಆಯುಷ್ಯವು ಔಷಧದ ಬಗೆಯನ್ನು ಅವಲಂಬಿಸಿದೆಯೇ ಹೊರತು ಎಲ್ಲಕ್ಕೂ ಒಂದೇ ಅಳತೆಯಿಲ್ಲ ಎಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಆದರೆ ಆ ವೀರ್ಯ ಅಥವಾ ಶಕ್ತಿ ಎಂಬುದು ಏನು ಎಂಬ ವಿಷಯದಲ್ಲಿ ದಾರ್ಶನಿಕರು ಒಮ್ಮತಕ್ಕೆ ಬರಲಿಲ್ಲ. ಮೀಮಾಂಸಕರು, ಅದರಲ್ಲೂ ಪ್ರಾಭಾಕರರು, ಶಕ್ತಿಯನ್ನು ಪ್ರತ್ಯೇಕ ಪದಾರ್ಥವೆಂದೇ ಎಣಿಸಿ ಅದಕ್ಕೆ ಬೆಂಕಿಯ ಉದಾಹರಣೆಯನ್ನು ಕೊಟ್ಟರು: ಒಂದು ವಿಶೇಷವಾದ ಮಣಿಯನ್ನು ಹತ್ತಿರವಿಟ್ಟಾಗ ಬೆಂಕಿ ಉರಿಯುತ್ತಲೇ ಇದ್ದರೂ ಸುಡುವುದಿಲ್ಲ ಎಂದಾದರೆ, ಬೆಂಕಿಯ ರೂಪಕ್ಕಿಂತ ಬೇರೆಯಾದ, ಕಣ್ಣಿಗೆ ಕಾಣದ, ಕಾರ್ಯದಿಂದ ಮಾತ್ರ ಅನುಮಾನಿಸಬಹುದಾದ ಸುಡುವ ಶಕ್ತಿಯೊಂದು ಇರಲೇಬೇಕು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಬೆಂಕಿಯ ಜೊತೆಗೆ ಅಡ್ಡಿಯೊಂದು ಇಲ್ಲದಿರುವುದೂ ಸುಡುವುದಕ್ಕೆ ಕಾರಣವಾಗಿದ್ದು, ಮಣಿ ಬಂದಾಗ ಆ ಕಾರಣವು ತಪ್ಪಿಹೋಗುವುದರಿಂದ ಅಗೋಚರ ಶಕ್ತಿಯನ್ನು ಕಲ್ಪಿಸುವ ಅಗತ್ಯವಿಲ್ಲ ಎಂದರು. ಉಡುಪಿಯ ಮಧ್ವಾಚಾರ್ಯರ ಪರಂಪರೆಯಾದ ದ್ವೈತವು ಶಕ್ತಿಯನ್ನು ಪದಾರ್ಥಗಳ ಪಟ್ಟಿಯಲ್ಲಿ ಉಳಿಸಿಕೊಂಡು, ಊಹೆಗೆ ನಿಲುಕದ ಅಚಿಂತ್ಯಶಕ್ತಿ, ಪ್ರತಿಷ್ಠೆಯಿಂದ ವಿಗ್ರಹದಲ್ಲಿ ಬರುವಂಥ ಆಧೇಯಶಕ್ತಿ, ವಸ್ತುವಿನ ಸ್ವಭಾವದಲ್ಲೇ ಇರುವ ಸಹಜಶಕ್ತಿ, ಅರ್ಥವನ್ನು ತಿಳಿಸುವ ಪದಶಕ್ತಿ ಎಂದು ಅದನ್ನು ನಾಲ್ಕಾಗಿ ವಿಂಗಡಿಸಿತು. ಈ ವಿಂಗಡಣೆಯಲ್ಲಿ ಇನ್ಸುಲಿನ್ನಿನದು ಸಹಜಶಕ್ತಿ. ಫ್ರಿಜ್ಜು ಅದಕ್ಕೆ ಶಕ್ತಿಯನ್ನು ಕೊಡುವುದಿಲ್ಲ, ಇದ್ದದ್ದನ್ನು ಕಾಯುತ್ತದೆ ಅಷ್ಟೆ. ಇಂದಿನ ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ನೈಯಾಯಿಕರ ಪಕ್ಷಕ್ಕೆ ಒಂದು ಗೆಲುವಿದೆ, ಏಕೆಂದರೆ ಶಕ್ತಿ ಅಳಿದ ಇನ್ಸುಲಿನ್ನಿನ ರಚನೆಯೂ ನಿಜವಾಗಿ ಬದಲಾಗಿದ್ದು ತಕ್ಕ ಉಪಕರಣಕ್ಕೆ ಆ ಬದಲಾವಣೆ ಕಾಣುತ್ತದೆ. ಆದರೆ ಆ ಉಪಕರಣ ಪ್ರಯೋಗಾಲಯದಲ್ಲಿದೆ, ಮನೆಯಲ್ಲಿ ಸೂಜಿ ಹಿಡಿದವರ ಮಟ್ಟಿಗೆ ಶಕ್ತಿ ಮೀಮಾಂಸಕರು ಹೇಳಿದಷ್ಟೇ ಅಗೋಚರ.

ಹಾಗಾಗಿ ಮನೆಯಲ್ಲಿ ಉಳಿಯುವ ಆಧಾರ ಶಬ್ದಪ್ರಮಾಣ, ಅಂದರೆ ಲೇಬಲ್ಲಿನ ಮೇಲೆ ಮತ್ತು ಪೆಟ್ಟಿಗೆಯೊಳಗಿನ ಮಡಚಿದ ಹಾಳೆಯ ಮೇಲೆ ತಯಾರಕರು ಅಚ್ಚು ಹಾಕಿಸಿದ ಮಾತು. ವಿಜ್ಞಾನದ ವಸ್ತುವಿಗೆ ಶಬ್ದಪ್ರಮಾಣವನ್ನು ಅನ್ವಯಿಸುವುದು ವಿಚಿತ್ರವೆಂದು ತೋರಬಹುದಾದರೂ, ನ್ಯಾಯಸೂತ್ರದ ಎರಡನೆಯ ಅಧ್ಯಾಯದ ಮೊದಲ ಆಹ್ನಿಕದ ಕೊನೆಯಲ್ಲಿ ನಡೆಯುವ ವಾದ ಇದಕ್ಕೆ ಹತ್ತಿರದ್ದೇ ಆಗಿದೆ: ಅಲ್ಲಿ ವೇದದ ಪ್ರಾಮಾಣ್ಯವನ್ನು ಸ್ಥಾಪಿಸಲು ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು ಆಯುರ್ವೇದ. ವೈದ್ಯಶಾಸ್ತ್ರ ಹೇಳಿದಂತೆ ನಡೆದರೆ ಫಲ ಸಿಗುವುದು ಲೋಕಕ್ಕೆ ಕಂಡಿರುವುದರಿಂದ ಅದನ್ನು ಹೇಳಿದ ಆಪ್ತರು, ಎಂದರೆ ನಂಬಲರ್ಹರು, ಕಾಣದ ವಿಷಯದಲ್ಲೂ ನಂಬಲರ್ಹರು ಎಂಬುದು ವಾದದ ತಿರುಳು. ವೇದಕ್ಕೆ ವೈದ್ಯವು ಸಾಕ್ಷಿಯಾಗಿ ನಿಲ್ಲುವ ಈ ಕ್ರಮ ಇಂದಿನ ಓದುಗರಿಗೆ ತಲೆಕೆಳಗಾಗಿ ಕಾಣಬಹುದು. ಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನಲ್ಲಿ ಮೂರು ಲಕ್ಷಣಗಳನ್ನು ಬೇಡುತ್ತಾನೆ: ಹೇಳುವ ವಿಷಯವನ್ನು ಸ್ವತಃ ಕಂಡು ಅರಿತಿರಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಇದ್ದದ್ದನ್ನು ಇದ್ದಂತೆ ಹೇಳುವ ಇಚ್ಛೆ ಇರಬೇಕು, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನ ಎಂದು ಇನ್ನೊಂದೆಡೆ ಆತನೇ ಸ್ಪಷ್ಟಪಡಿಸುತ್ತಾನೆ.

ಔಷಧ ಕಂಪನಿಯನ್ನು ಈ ಅಳತೆಗೆ ಒಡ್ಡಿದರೆ ಮೊದಲ ಲಕ್ಷಣ ಸುಲಭವಾಗಿ ಸಲ್ಲುತ್ತದೆ, ಏಕೆಂದರೆ ಇಷ್ಟು ಬಿಸಿಯಲ್ಲಿ ಇಷ್ಟು ದಿನ ಇಟ್ಟರೆ ಎಷ್ಟು ಬಲ ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಿಯೇ ಅವಧಿಯನ್ನು ಗೊತ್ತುಮಾಡಲಾಗಿರುತ್ತದೆ. ಎರಡನೆಯದರ ಬಗ್ಗೆ ಸಂದೇಹ ಸಹಜ. 1923ರಲ್ಲಿ ಇನ್ಸುಲಿನ್ನಿನ ಶೋಧಕರಾದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟದ್ದು ಭೂತದಯೆಯೇ ಸರಿ, ಆದರೆ ಇಂದಿನ ಮಾರುಕಟ್ಟೆಯಿಂದ ಅದನ್ನು ನಿರೀಕ್ಷಿಸಲಾಗದು. ದಯೆಯ ಜಾಗದಲ್ಲಿ ಭಾರತದ 1940ರ ಔಷಧ ಕಾಯ್ದೆಯಂಥ ಕಾನೂನು ನಿಂತು, ಮೂರನೆಯ ಲಕ್ಷಣವಾದ ಯಥಾರ್ಥ ಕಥನವನ್ನು ಕಡ್ಡಾಯ ಮಾಡುತ್ತದೆ.

ಮಾತು ನಂಬಲರ್ಹವಾದರೂ ಅದು ಯಾವ ಬಗೆಯ ಮಾತು ಎಂಬುದನ್ನು ಗಮನಿಸಬೇಕು, ಮತ್ತು ಬಳಕೆದಾರರು ಎಡವುವುದು ಹೆಚ್ಚಾಗಿ ಇಲ್ಲಿಯೇ. ತರ್ಕಶಾಸ್ತ್ರದಲ್ಲಿ ವ್ಯಾಪ್ತಿ ಎಂದರೆ ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬಂಥ ತಪ್ಪದ ಸಂಬಂಧ. ಅದನ್ನೇ ತಿರುಗಿಸಿ ಬೆಂಕಿಯಿದ್ದಲ್ಲಿ ಹೊಗೆಯಿದೆ ಎಂದರೆ ಕೆಡುತ್ತದೆ, ಏಕೆಂದರೆ ಹೊಗೆ ಬರಲು ಸೌದೆ ಹಸಿಯಾಗಿರಬೇಕು. ಸಂಬಂಧವು ನಿಲ್ಲುವುದಕ್ಕೆ ಬೇಕಾದ, ಆದರೆ ಹೇಳಿಕೆಯಲ್ಲಿ ಅಡಗಿ ಕುಳಿತ ಈ ಷರತ್ತಿಗೆ ಉಪಾಧಿ ಎಂದು ಹೆಸರು. ತೆರೆದ ಇನ್ಸುಲಿನ್ 28 ದಿನ ಇರುತ್ತದೆ ಎಂಬ ಮಾತು ಉಪಾಧಿಯಿಂದ ಕೂಡಿದ ವ್ಯಾಪ್ತಿ. ತೆರೆಯದ ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿದ್ದರೆ ಮಾತ್ರ ಲೇಬಲ್ಲಿನ ಕೊನೆಯ ದಿನಾಂಕ ಅದಕ್ಕೆ ಅನ್ವಯಿಸುತ್ತದೆ. ಮುಚ್ಚಳದ ರಬ್ಬರಿಗೆ ಮೊದಲ ಸೂಜಿ ತಾಗಿದ ದಿನದಿಂದ ಬೇರೆಯೇ ಎಣಿಕೆ ಶುರುವಾಗುತ್ತದೆ, ಮತ್ತು ಬಹುಪಾಲು ಬಗೆಗಳಿಗೆ ಅದು 25 ಅಥವಾ 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ. ಕೆಲವು ಪೆನ್ನುಗಳಿಗೆ 10 ಅಥವಾ 14 ದಿನಗಳಷ್ಟೇ ಇದ್ದರೆ, ಡೆಗ್ಲುಡೆಕ್ ಎಂಬ ದೀರ್ಘಕಾಲಿಕ ಇನ್ಸುಲಿನ್ನಿಗೆ 56 ದಿನಗಳಿವೆ. ಅವಧಿಗೆ ಬಿಸಿ ಒಂದೇ ಕಾರಣವಲ್ಲ. ಸೂಜಿ ಚುಚ್ಚಿದಾಗಲೆಲ್ಲ ಸೂಕ್ಷ್ಮಜೀವಿಗಳು ಒಳಹೊಗುವ ಸಂಭವವಿದ್ದು, ಅವನ್ನು ತಡೆಯಲು ಬೆರೆಸಿರುವ ಫೀನಾಲ್, ಮೆಟಾಕ್ರೆಸಾಲ್‌ಗಳ ಕಾವಲಿಗೂ ಒಂದು ಮಿತಿಯಿದೆ.

ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಮನೆಯೊಳಗೆ ಈ ಉಪಾಧಿ ತಾನಾಗಿ ನೆರವೇರುವುದಿಲ್ಲ. ಕರೆಂಟು ಹೋದ ಮಧ್ಯಾಹ್ನ, ಬಿಸಿಲಲ್ಲಿ ನಿಲ್ಲಿಸಿದ ಕಾರು, ಕಿಟಕಿಯ ಪಕ್ಕದ ಗೂಡು, ಹಿಮ ಕಟ್ಟುವ ಫ್ರೀಜರಿಗೆ ತಾಗಿದ ಮೂಲೆ, ಇವು ಒಂದೊಂದೂ ವ್ಯಾಪ್ತಿಯನ್ನು ಮುರಿಯಬಲ್ಲವು. ಫ್ರಿಜ್ಜಿಲ್ಲದ ಮನೆಗಳಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಮುಚ್ಚಿದ ಡಬ್ಬಿಯಲ್ಲಿ ಸೀಸೆಯನ್ನು ಇಡುವುದು ಒಳ್ಳೆಯ ಉಪಾಯ. ನೀರು ಆವಿಯಾಗುವಾಗ ಗಡಿಗೆಯ ಬಿಸಿಯನ್ನು ಹೀರಿಕೊಳ್ಳುವುದರಿಂದ ಒಣಹವೆಯ ಬಯಲುಸೀಮೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಹವೆಯೇ ತೇವವಾಗಿರುವ ಉಡುಪಿ, ಮಂಗಳೂರುಗಳಲ್ಲಿ ಅಷ್ಟು ನಡೆಯದು. ಈಚಿನ ಸಂಶೋಧನೆಗಳು ಹಳೆಯ ಕಟ್ಟುನಿಟ್ಟನ್ನು ಸ್ವಲ್ಪ ಸಡಿಲಿಸಿರುವುದೂ ನಿಜ. ಉತ್ತರ ಕೆನ್ಯಾದ ದಗಹಾಲೆ ನಿರಾಶ್ರಿತರ ಶಿಬಿರದ ಹವೆಯನ್ನು ಮಾದರಿಯಾಗಿಟ್ಟುಕೊಂಡು ಜಿನೀವಾ ವಿಶ್ವವಿದ್ಯಾಲಯದವರೂ ಗಡಿರಹಿತ ವೈದ್ಯರ ಸಂಸ್ಥೆಯವರೂ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25 ಮತ್ತು 37 ಡಿಗ್ರಿಗಳ ನಡುವೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇದ್ದ ಇನ್ಸುಲಿನ್ ತನ್ನ ಬಲವನ್ನು ಬಹುತೇಕ ಪೂರ್ತಿ ಉಳಿಸಿಕೊಂಡಿತ್ತು. ತೆರೆಯದ ಮಾನವ ಇನ್ಸುಲಿನ್ನನ್ನು 25 ಡಿಗ್ರಿಯಲ್ಲಿ ಆರು ತಿಂಗಳವರೆಗೆ, 37 ಡಿಗ್ರಿಯಲ್ಲಿ ಎರಡು ತಿಂಗಳವರೆಗೆ ಇಡಬಹುದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆ ಹೇಳಿತು. ಆಪ್ತವಾಕ್ಯವನ್ನು ಇನ್ನೊಂದು ಆಪ್ತವಾಕ್ಯ ಪರಿಷ್ಕರಿಸುವುದರಲ್ಲಿ ದೋಷವಿಲ್ಲ. ಆದರೆ ಆ ಪರಿಷ್ಕಾರಕ್ಕೂ ತನ್ನದೇ ಉಪಾಧಿಯಿದೆ, 37 ಎಂದದ್ದನ್ನು 42 ಎಂದು ಓದಿಕೊಳ್ಳುವಂತಿಲ್ಲ.

ಇನ್ನು ಉಳಿದದ್ದು ಪ್ರಾಮಾಣ್ಯದ ಪ್ರಶ್ನೆ. ಮೀಮಾಂಸಕರ ಪ್ರಕಾರ ಜ್ಞಾನವು ಸ್ವತಃಪ್ರಮಾಣ, ಎಂದರೆ ಬಾಧಕ ಬರುವವರೆಗೆ ಅದನ್ನು ಸರಿಯೆಂದೇ ಇಟ್ಟುಕೊಳ್ಳಬೇಕು. ನೈಯಾಯಿಕರ ಪ್ರಕಾರ ಅದು ಪರತಃಪ್ರಮಾಣ, ತಿಳಿದಂತೆ ನಡೆದಾಗ ಫಲ ಸಿಕ್ಕರೆ ಮಾತ್ರ ತಿಳಿದದ್ದು ಸರಿಯೆಂದು ನಿಶ್ಚಯವಾಗುತ್ತದೆ. ಗ್ಲೂಕೋಮೀಟರು ನೈಯಾಯಿಕರ ಪಕ್ಷದ ಉಪಕರಣದಂತೆ ಕಾಣುತ್ತದೆ: ಚುಚ್ಚಿಕೊಂಡ ಮೇಲೆ ಸಕ್ಕರೆ ಇಳಿದರೆ ಔಷಧ ಸರಿಯಾಗಿದೆ. ಆದರೆ ಇಳಿಯದಿದ್ದಾಗ ಔಷಧವೇ ಕೆಟ್ಟಿದೆ ಎಂದು ಹೇಳಲಾಗದು, ಏಕೆಂದರೆ ಜ್ವರ, ಊಟದ ಏರುಪೇರು, ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಚರ್ಮದಡಿ ಕಟ್ಟಿದ ಗಂಟು, ಇವೆಲ್ಲ ಅದೇ ಫಲವನ್ನು ಕೊಡುತ್ತವೆ. ಅಲ್ಲದೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಒಂದನೆಯ ಬಗೆಯ ಮಧುಮೇಹದಲ್ಲಿ ಫಲಕ್ಕೆ ಕಾದು ನೋಡುವ ಅವಕಾಶವೇ ಕಡಿಮೆ. ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ಸ್ಥಿತಿ ಒಂದೇ ದಿನದೊಳಗೆ ಪ್ರಾಣಕ್ಕೆ ಬರಬಹುದು. ಮಧ್ವಮತವು ಪ್ರಾಮಾಣ್ಯವನ್ನು ಸ್ವತಃ ಎಂದೇ ಒಪ್ಪಿದರೂ ಸಂದೇಹ ಹುಟ್ಟಿದಲ್ಲಿ ಪರೀಕ್ಷೆಗೆ ಸ್ಥಾನ ಕೊಡುತ್ತದೆ, ಮತ್ತು ಈ ವ್ಯವಹಾರಕ್ಕೆ ಆ ನಿಲುವೇ ಹೆಚ್ಚು ಹೊಂದುತ್ತದೆ: ಉಪಾಧಿ ನೆರವೇರಿದ ಸೀಸೆಯನ್ನು ನಂಬಬೇಕು, ಕಾರಣ ತಿಳಿಯದೆ ಸಕ್ಕರೆ ಏರಿದರೆ ಹೊಸ ಸೀಸೆಗೆ ಬದಲಾಯಿಸಿ ನೋಡಿ ವೈದ್ಯರಿಗೆ ತಿಳಿಸಬೇಕು. ಹಳೆಯ ಸೀಸೆಯಲ್ಲೇ ಪ್ರಮಾಣವನ್ನು ಏರಿಸುತ್ತ ಹೋಗುವುದು ಅಪಾಯ. ಬಲಗುಂದಿದ ಔಷಧಕ್ಕೆಂದು ಏರಿಸಿದ ಯೂನಿಟ್ಟುಗಳನ್ನೇ ಮರುದಿನ ಬಲವಿರುವ ಹೊಸ ಸೀಸೆಯಿಂದ ತೆಗೆದುಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಎಸೆಯುವುದರ ಸಂಕಟವೂ ಸುಳ್ಳಲ್ಲ. ಭಾರತದಲ್ಲಿ ಸಿಗುವ 10 ಮಿಲಿಲೀಟರಿನ ಸಾಮಾನ್ಯ ಸೀಸೆಯಲ್ಲಿ ಮಿಲಿಲೀಟರಿಗೆ 40ರಂತೆ 400 ಯೂನಿಟ್ಟುಗಳಿರುತ್ತವೆ. ದಿನಕ್ಕೆ 10 ಯೂನಿಟ್ ತೆಗೆದುಕೊಳ್ಳುವವರಿಗೆ ಅದು 40 ದಿನ ಬರುತ್ತದೆ, ಆದ್ದರಿಂದ 28 ದಿನಗಳ ನಿಯಮದಂತೆ 120 ಯೂನಿಟ್ಟುಗಳನ್ನು ಚೆಲ್ಲಬೇಕಾಗುತ್ತದೆ. ಚೆಲ್ಲಲು ಮನಸ್ಸು ಬಾರದಿರುವುದಕ್ಕೆ ಜಿಪುಣತನ ಎಂಬ ಹೆಸರು ಸಲ್ಲದು. ಅಂಥವರಿಗೆ 3 ಮಿಲಿಲೀಟರಿನ ಕಾರ್ಟ್ರಿಜ್ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳುವುದು ಸರಿಯಾದ ದಾರಿ.

ದ್ವೈತಿಗಳು ಎಣಿಸಿದ ಪದಶಕ್ತಿಯು ಆ ಪದ ತಿಳಿದವನಲ್ಲಿ ಮಾತ್ರ ಅರ್ಥವನ್ನು ಹುಟ್ಟಿಸುತ್ತದೆ. ಅವಧಿಯನ್ನೂ ಉಪಾಧಿಯನ್ನೂ ಹೇಳುವ ಹಾಳೆ ಬಹುಪಾಲು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರುವಾಗ, ಓದಲಾಗದವರ ಮಟ್ಟಿಗೆ ಅಲ್ಲಿ ಶಬ್ದಪ್ರಮಾಣವೇ ಇಲ್ಲ. ತಯಾರಕರು ಈ ಸೂಚನೆಗಳನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಬೇಕು. ಅಲ್ಲಿಯವರೆಗೆ ಔಷಧದಂಗಡಿಯವರು ಸೀಸೆಯನ್ನು ಕೈಗೆ ಕೊಡುವಾಗಲೇ ಬಾಯಿಮಾತಿನಲ್ಲಿ ವಿವರಿಸಬೇಕು, ಬಳಸುವವರು ಮೊದಲ ಸೂಜಿ ಚುಚ್ಚಿದ ದಿನಾಂಕವನ್ನು ಸೀಸೆಯ ಮೇಲೆಯೇ ಪೆನ್ನಿನಿಂದ ಬರೆದಿಡಬೇಕು.