ಉಪವಾಸಕ್ಕಿಂತ ಕಠಿನವಾದ ತಪಸ್ಸು

ಅಷ್ಟಮಿಯಂದು ಹನಿ ನೀರನ್ನೂ ಮುಟ್ಟದೆ ಇರಬಲ್ಲ ಶ್ರಾವಕನು ನವಮಿಯ ಮಧ್ಯಾಹ್ನ ಎಲೆಗೆ ಬಂದ ಮೂರನೆಯ ಹೋಳಿಗೆಯನ್ನು ಬೇಡವೆನ್ನಲಾರದೆ ಹೋಗುತ್ತಾನೆ. ಪೂರ್ಣ ತ್ಯಾಗವು ಸಾಧ್ಯವಾದವನಿಗೆ ಅಲ್ಪ ತ್ಯಾಗವು ಏಕೆ ಅಸಾಧ್ಯವಾಗುತ್ತದೆ? ಇದು ಕೇವಲ ಅಡುಗೆಮನೆಯ ಪ್ರಶ್ನೆಯಲ್ಲ. ವ್ರತವು ತ್ಯಜಿಸುವುದು ಪದಾರ್ಥವನ್ನೋ, ಪದಾರ್ಥದ ಮೇಲಣ ಆಸೆಯನ್ನೋ ಎಂಬ ಮೂಲಪ್ರಶ್ನೆಯು ಇದರಲ್ಲಿ ಅಡಗಿದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಉಪವಾಸವೊಂದೇ ಸಾಕಾಗುತ್ತಿದ್ದರೆ ಉಳಿದ ಮೂರಕ್ಕೆ ಸ್ಥಾನವೆಲ್ಲಿತ್ತು? ಪುರುಷನ ಪೂರ್ಣಾಹಾರವು 32 ಕವಳ, ಸ್ತ್ರೀಯ ಪೂರ್ಣಾಹಾರವು 28 ಕವಳ ಎಂದು ಎಣಿಸಿ, ಅದರಲ್ಲಿ ಒಂದು ಕವಳ ಕಡಿಮೆಯಾದರೂ ಅವಮೌದರ್ಯವೆಂದು ಪರಂಪರೆಯು ಒಪ್ಪಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಎಲ್ಲವನ್ನಾಗಲಿ ಕೆಲವನ್ನಾಗಲಿ ಬಿಡುವುದು ರಸಪರಿತ್ಯಾಗ.

ಒಂದು ಕವಳವನ್ನು ಬಿಡುವುದು ಅಷ್ಟು ದೊಡ್ಡದೆ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಉಪವಾಸದಲ್ಲಿ ಸಂಕಲ್ಪವು ಪ್ರಾತಃಕಾಲದಲ್ಲಿ ಒಮ್ಮೆ ಆಗಿಹೋಗುತ್ತದೆ. ಆಮೇಲೆ ಎಲೆಯೂ ಇಲ್ಲ, ಬಡಿಸುವವರೂ ಇಲ್ಲ. ಅವಮೌದರ್ಯದಲ್ಲಾದರೋ ಎಲೆ ಮುಂದಿದೆ, ರುಚಿ ನಾಲಿಗೆಯ ಮೇಲಿದೆ, ಹಸಿವು ಇನ್ನೂ ಸ್ವಲ್ಪ ಉಳಿದಿದೆ. ಆ ಸ್ಥಿತಿಯಲ್ಲಿಯೇ ಕೈ ತೊಳೆಯಬೇಕು. ಸಂಕಲ್ಪವನ್ನು ಪ್ರತಿಯೊಂದು ತುತ್ತಿನಲ್ಲಿಯೂ ಹೊಸದಾಗಿ ಮಾಡಬೇಕು. ಉಪವಾಸ ಮಾಡಿದವನನ್ನು ಬಸದಿಯಲ್ಲಿ ಹತ್ತು ಜನ ಕೊಂಡಾಡುತ್ತಾರೆ. ನಾಲ್ಕು ತುತ್ತು ಬಿಟ್ಟು ಎದ್ದವನನ್ನು ಕಂಡವರಿಲ್ಲ. ಕೀರ್ತಿಯ ಆಸರೆಯಿಲ್ಲದ ಈ ತಪಸ್ಸು ಅದಕ್ಕಾಗಿಯೇ ಕಠಿನ, ಅದಕ್ಕಾಗಿಯೇ ಶುದ್ಧ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸವೆಂದರೆ ಚತುರ್ವಿಧ ಆಹಾರದ ತ್ಯಾಗ, ಪ್ರೋಷಧವೆಂದರೆ ಒಂದೇ ಹೊತ್ತಿನ ಊಟ ಎಂದು ವಿವರಿಸಿದ್ದಾರೆ. ಪ್ರೋಷಧೋಪವಾಸದ ಹಿಂದಿನ ದಿನವೂ ಮರುದಿನವೂ ಏಕಭುಕ್ತವೇ ವಿಧಿ. ಎಂದರೆ ಉಪವಾಸದ ಎರಡು ಬದಿಗಳಲ್ಲಿಯೂ ಮಿತಾಹಾರವೇ ಕಾವಲು ನಿಂತಿದೆ. ಪಾರಣೆಯ ದಿನ ಕಜ್ಜಾಯ, ಉಂಡೆ, ಚಕ್ಕುಲಿಗಳನ್ನು ಒಟ್ಟಿಗೆ ಬಡಿಸಿ, ನಿನ್ನೆ ಬಿಟ್ಟುದನ್ನು ಇಂದು ತುಂಬಿಕೊಳ್ಳುವ ರೂಢಿಯು ಈ ಕಾವಲನ್ನು ಕಿತ್ತುಹಾಕಿದಂತೆ. ಅಲ್ಲಿ ಆಸೆಯು ಸೋತಿಲ್ಲ. ಒಂದು ದಿನ ಬಾಗಿಲಲ್ಲಿ ಕಾದು ನಿಂತಿತ್ತು, ಅಷ್ಟೆ.

ಇನ್ನೊಂದು ಗೊಂದಲವು ಇದಕ್ಕಿಂತ ಸೂಕ್ಷ್ಮವಾದುದು. ಶ್ರಾವಕನು ಕೆಲವನ್ನು ಜೀವದಯೆಗಾಗಿ ಬಿಡುತ್ತಾನೆ, ಕೆಲವನ್ನು ಇಂದ್ರಿಯಜಯಕ್ಕಾಗಿ ಬಿಡುತ್ತಾನೆ. ಕಂದಮೂಲಗಳ ತ್ಯಾಗವು ಮೊದಲನೆಯದು. ಅದರಲ್ಲಿ ಆಲೂಗಡ್ಡೆಯ ಬದಲು ಬಾಳೆಕಾಯಿಯ ಚಿಪ್ಸ್ ತಿಂದರೆ ಕಂದಮೂಲದ ನಿಯಮಕ್ಕೆ ಕುಂದಿಲ್ಲ. ಆದರೆ ರಸತ್ಯಾಗದಲ್ಲಿ ಈ ಲೆಕ್ಕವು ನಡೆಯದು. ಸಕ್ಕರೆಯನ್ನು ಬಿಟ್ಟೆನೆಂದು ಬೆಲ್ಲದ ಪಾಯಸವನ್ನು ಎರಡು ಲೋಟ ಕುಡಿದವನು ಏನನ್ನು ಬಿಟ್ಟಂತಾಯಿತು? ಇಂದು ಅಂಗಡಿಗಳಲ್ಲಿ ‘ಜೈನ್’ ಎಂಬ ಚೀಟಿಯೊಡನೆ ಕುರುಕಲು ತಿಂಡಿಗಳ ಪೊಟ್ಟಣಗಳು ದೊರೆಯುತ್ತವೆ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಿಲ್ಲವೆಂದು ಆ ಚೀಟಿ ಹೇಳಬಲ್ಲುದು. ಎಷ್ಟು ತಿನ್ನಬೇಕೆಂದು ಹೇಳಲಾರದು. ಭಕ್ಷ್ಯವಾದುದೆಲ್ಲವೂ ಮಿತಿಯಿಲ್ಲದೆ ಭಕ್ಷಿಸಲು ಯೋಗ್ಯವಾದುದಲ್ಲ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಮನಸ್ಸಿನಲ್ಲಿ ಸಿಹಿಯ ಆಸೆ ಉಳಿದಿರುವಾಗ ಬಾಯಿಯನ್ನು ಮಾತ್ರ ಕಟ್ಟಿಕೊಳ್ಳುವುದು ಕಪಟವಲ್ಲವೆ? ಆಸೆ ಹೋದ ಮೇಲೆ ನಿಯಮ ಹಿಡಿದರಾಗದೆ? ಈ ವಾದವು ಪ್ರಾಮಾಣಿಕವಾಗಿ ತೋರಿದರೂ ಔಷಧವನ್ನು ರೋಗ ವಾಸಿಯಾದ ಮೇಲೆ ಸೇವಿಸುತ್ತೇನೆ ಎಂದಂತಿದೆ. ಭೋಗೋಪಭೋಗಪರಿಮಾಣ ವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಹಿಂದೆ ಉಂಡುದರ ಅನುಸ್ಮೃತಿಯನ್ನೂ, ಅತಿಲೌಲ್ಯವನ್ನೂ, ಮುಂದಣ ಭೋಗದ ಅತಿತೃಷೆಯನ್ನೂ ಸೇರಿಸಿದ್ದಾರೆ. ಇವು ವ್ರತಕ್ಕೆ ತಗುಲುವ ಮಲಗಳು, ವ್ರತಭಂಗವಲ್ಲ. ಮಲವಾಯಿತೆಂದು ವಸ್ತ್ರವನ್ನು ಯಾರೂ ಬಿಸುಡುವುದಿಲ್ಲ, ಒಗೆಯುತ್ತಾರೆ.

ಅನೇಕ ಮನೆಗಳಲ್ಲಿ ಸಾಮಾಯಿಕದ ವೇಳೆಯಲ್ಲಿ ಪಠಿಸಲ್ಪಡುವ ಅಮಿತಗತಿ ಆಚಾರ್ಯರ ದ್ವಾತ್ರಿಂಶತಿಕೆಯು ದೋಷದ ನಾಲ್ಕು ಮೆಟ್ಟಿಲುಗಳನ್ನು ತೋರಿಸಿದೆ: ಮನಃಶುದ್ಧಿಯ ಕ್ಷತಿಯು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿಯೇ ಅತ್ಯಾಸಕ್ತನಾಗುವುದು ಅನಾಚಾರ. ಇದನ್ನು ಅಟ್ಟದ ಮೇಲಿನ ರವೆಉಂಡೆಯ ಡಬ್ಬಿಗೆ ಅನ್ವಯಿಸಿ ನೋಡಬಹುದು. ಡಬ್ಬಿಯ ನೆನಪಾಗಿ ಮನಸ್ಸು ಕದಡುವುದು ಮೊದಲನೆಯದು. ಎದ್ದು ಮುಚ್ಚಳಕ್ಕೆ ಕೈಯಿಡುವುದು ಎರಡನೆಯದು. ಚೂರೊಂದನ್ನು ಬಾಯಿಗಿಡುವುದು ಮೂರನೆಯದು. ನಿಯಮವನ್ನೇ ಮರೆತು ಮೆಲ್ಲುತ್ತ ಕೂಡುವುದು ನಾಲ್ಕನೆಯದು. ನೆನಪು ಬಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ಭಾವಿಸುವವನು ನೇರವಾಗಿ ನಾಲ್ಕನೆಯ ಮೆಟ್ಟಿಲಿಗೆ ಜಾರುತ್ತಾನೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನಿಲ್ಲಲು ಎಡೆಯಿದೆಯೆಂದು ತಿಳಿದವನು ಮೊದಲನೆಯದರಲ್ಲಿಯೇ ಹಿಂತಿರುಗಬಲ್ಲನು. ಆಸೆಯ ಉದಯವು ಪೂರ್ವಕರ್ಮದ ಫಲ. ಅದನ್ನು ಸಾಕುವುದೋ ಬಿಡುವುದೋ ಇಂದಿನ ಪುರುಷಾರ್ಥ.

ಆಚರಣೆಗೆ ಬಂದರೆ, ಗೃಹಸ್ಥನಿಗೆ ಆಚಾರ್ಯರು ಸುಗಮವಾದ ದಾರಿಯನ್ನೇ ತೋರಿಸಿದ್ದಾರೆ. ಯಾವಜ್ಜೀವದ ತ್ಯಾಗವು ಯಮ, ಕಾಲದ ಮಿತಿಯುಳ್ಳ ತ್ಯಾಗವು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತುವೆಂದು ಕಾಲವನ್ನು ಗೊತ್ತುಮಾಡಿಕೊಳ್ಳಬಹುದು. ಊಟದ ಹೊತ್ತಿನಲ್ಲಲ್ಲದೆ ನಡುವೆ ಏನನ್ನೂ ಬಾಯಿಗೆ ಹಾಕುವುದಿಲ್ಲವೆಂದು ಒಂದು ಪಕ್ಷ ನಡೆದು ನೋಡಬಹುದು. ಸಿಹಿಯನ್ನು ಬಡಿಸಿಕೊಳ್ಳುವ ಮೊದಲೇ ಪ್ರಮಾಣವನ್ನು ನಿಶ್ಚಯಿಸಬೇಕು. ರುಚಿ ನೋಡಿದ ಮೇಲೆ ನಿಶ್ಚಯಿಸಹೊರಟರೆ ನಾಲಿಗೆಯೇ ನ್ಯಾಯಾಧೀಶನಾಗುತ್ತದೆ. ಹೊಟ್ಟೆ ತುಂಬಿದ ಅರಿವು ಮೂಡಲು ಸುಮಾರು 20 ನಿಮಿಷ ಬೇಕೆನ್ನುತ್ತಾರೆ ವೈದ್ಯರು. ಅಗಿದು ನಿಧಾನವಾಗಿ ಉಣ್ಣುವವನಿಗೆ ಅವಮೌದರ್ಯವು ತಾನಾಗಿ ಹತ್ತಿರವಾಗುತ್ತದೆ. ಬೇಳೆಕಾಳು, ಮಜ್ಜಿಗೆಗಳಿಂದ ಊಟವು ಪುಷ್ಟವಾಗಿದ್ದರೆ ಸಂಜೆಯ ಕುರುಕಲಿನ ಹಂಬಲವು ತಗ್ಗುತ್ತದೆ. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ಮನೆಯಲ್ಲಿ ರಾತ್ರಿಯ ತಿಂಡಿಗೆ ಬಾಗಿಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಕ್ಕರೆ ಬೆಲ್ಲಗಳಂಥ ಬೆರೆಸಿದ ಸಿಹಿಯು ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಿಮೆಯಿದ್ದರೆ ಇನ್ನೂ ಲೇಸೆಂದು ಸೂಚಿಸಿತು. ದೇಹರಕ್ಷಣೆಗಾಗಿ ಹೇಳಿದ ಈ ಮಾತು ಆತ್ಮರಕ್ಷಣೆಗಾಗಿ ಹೇಳಿದ ಪರಿಮಾಣವ್ರತಕ್ಕೆ ಅನುಕೂಲವೇ ಆಗಿದೆ.

ಆದರೆ ತಪಸ್ಸು ಶಕ್ತ್ಯನುಸಾರವಾಗಿರಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ವೃದ್ಧರು ವೈದ್ಯರ ಸಲಹೆಯನ್ನು ಕೇಳಿಯೇ ನಿಯಮ ಹಿಡಿಯಬೇಕು. ದೀರ್ಘ ಉಪವಾಸವು ಸಾಧ್ಯವಿಲ್ಲವೆಂದು ಕೊರಗುವ ಇಂಥವರಿಗೆ ಮಿತಾಹಾರ, ರಸತ್ಯಾಗಗಳು ಕೆಳಗಿನ ಮೆಟ್ಟಿಲುಗಳಲ್ಲ, ಅವೂ ತಪಸ್ಸೇ.

ಈ ವ್ರತವನ್ನು ಒಬ್ಬರೇ ಉಳಿಸಿಕೊಳ್ಳುವುದು ಕಷ್ಟ. ಬೇಡವೆಂದವರ ಎಲೆಗೆ ‘ಇದೊಂದು ನನಗಾಗಿ’ ಎಂದು ಹೋಳಿಗೆ ಹಾಕುವುದು ಉಪಚಾರವೆನಿಸಿಕೊಂಡಿದೆ. ಕೃತ, ಕಾರಿತ, ಅನುಮೋದಿತಗಳೆಂಬ ಮೂರು ಬಗೆಗಳಿಂದಲೂ ದೋಷವು ಅಂಟುವುದೆಂದು ಬಲ್ಲವರು ಅನ್ಯರ ನಿಯಮವನ್ನು ಸಡಿಲಿಸುವುದೂ ಕಾರಿತವೇ ಎಂದು ತಿಳಿಯಬೇಕು. ಮಕ್ಕಳು ಪಾಠ ಓದಿದರೆ ಮಿಠಾಯಿ, ಉಪವಾಸ ಮಾಡಿದರೆ ಪೇಡೆ ಎಂದು ಆಮಿಷವೊಡ್ಡುವ ಮನೆಯು ಸಿಹಿಯನ್ನೇ ಪರಮಫಲವೆಂದು ಕಲಿಸುತ್ತದೆ. ಡಬ್ಬಿಯನ್ನು ಬಚ್ಚಿಡುವುದಕ್ಕಿಂತ ಎಲ್ಲರ ಎದುರಿಗೆ ತೆರೆದು, ಎಲ್ಲರಿಗೂ ಒಂದೊಂದೇ ಕೊಟ್ಟು, ಎಲ್ಲರೂ ಕೂಡಿ ಮುಚ್ಚುವುದು ಲೇಸು. ಮುಚ್ಚುವ ಆ ಕ್ಷಣವನ್ನು ಸಂತೋಷದಿಂದ ಕಂಡ ಮಗುವು ಪರಿಮಾಣವ್ರತದ ಮೊದಲ ಪಾಠವನ್ನು ಕಲಿತಿರುತ್ತದೆ.