ಆಟದ ಮಾತಿನ ಹೊಣೆ

ಒಬ್ಬನು ಇನ್ನೊಬ್ಬನ ಮನಸ್ಸನ್ನು ನೋಯಿಸಿ, ಬಳಿಕ “ಆಟಕ್ಕೆಂದು ಆಡಿದ ಮಾತಯ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂದು ಸಮಾಧಾನ ಹೇಳುವುದು ಲೋಕದಲ್ಲಿ ದಿನವೂ ನಡೆಯುವ ವ್ಯವಹಾರ. ಈ ಸಮಾಧಾನವನ್ನು ಕೆಲವರು ಒಪ್ಪುತ್ತಾರೆ. ಕೆಲವರು ಒಪ್ಪಿದಂತೆ ನಟಿಸಿ ನೋವನ್ನು ನುಂಗಿಕೊಳ್ಳುತ್ತಾರೆ. ಆಟದಲ್ಲಿ ಆಡಿದ ಮಾತಿಗೆ ಆಡಿದವನು ಹೊಣೆಗಾರನೆ, ಅಲ್ಲವೆ? ಬೇರೊಬ್ಬನ ಹೆಸರನ್ನು ಧರಿಸಿ ನುಡಿದ ನುಡಿ ಯಾರದು? ನುಡಿದವನದೊ, ಆ ಪಾತ್ರದ್ದೊ? ಮೇಲ್ನೋಟಕ್ಕೆ ಇದು ಹಗುರವಾದ ಪ್ರಶ್ನೆ. ಆದರೆ ಗೆಳೆತನಗಳು ಕೂಡಿಬರುವುದೂ ಮುರಿದುಬೀಳುವುದೂ ಬಹುಮಟ್ಟಿಗೆ ಹಗುರವಾದ ಮಾತುಗಳಿಂದಲೇ. ಆದುದರಿಂದ ಇದನ್ನು ತುಸು ನಿಧಾನವಾಗಿ ವಿಚಾರಿಸುವುದು ಅನುಚಿತವಾಗಲಾರದು.

ಈ ವಿಚಾರಕ್ಕೆ ಪ್ರೇರಣೆಯಾದುದು ನಮ್ಮ ನಗರದ ತರುಣರಲ್ಲಿ ಈಚೆಗೆ ಬಳಕೆಗೆ ಬಂದಿರುವ ಒಂದು ವಿನೋದ. ಮತ್ತಿಕೆರೆಯಂತಹ ಬಡಾವಣೆಗಳಲ್ಲಿ, ಸಮೀಪದ ಕಾಲೇಜುಗಳಲ್ಲಿ ಓದುವವರೂ ಹೊಸದಾಗಿ ಉದ್ಯೋಗಕ್ಕೆ ಸೇರಿದವರೂ ಬಾಡಿಗೆಯ ಮನೆಗಳಲ್ಲಿ ಜೊತೆಗೂಡಿ ವಾಸಿಸುವರಷ್ಟೆ. ಇಂತಹವರಲ್ಲಿ ನಾಲ್ಕಾರು ಮಂದಿ ರಜೆಯ ದಿನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುವರು. ಒಬ್ಬನು ಕಳ್ಳನೆಂದೂ, ಒಬ್ಬಳು ಮಂತ್ರವಾದಿನಿಯೆಂದೂ, ಮತ್ತೊಬ್ಬನು ಕತ್ತಿಯ ವೀರನೆಂದೂ ಹೆಸರಿಟ್ಟುಕೊಳ್ಳುವರು. ಇನ್ನೊಬ್ಬನು ಸೂತ್ರಧಾರನಾಗಿ ಕಥೆಯ ಎಳೆಯನ್ನು ಹಿಡಿಯುವನು. ಗುಹೆಯ ಬಾಗಿಲು ತೆರೆಯಿತೆ, ರಾಕ್ಷಸನು ಬಿದ್ದನೆ ಎಂಬುದನ್ನು ಇಪ್ಪತ್ತು ಮುಖಗಳುಳ್ಳ ಒಂದು ದಾಳವು ತೀರ್ಮಾನಿಸುವುದು, ಉಳಿದುದೆಲ್ಲವೂ ಮಾತು. “ನಿನ್ನ ಗಾಯಗಳಿಗೆ ಮದ್ದು ಅರೆದು ಅರೆದೇ ನನ್ನ ಆಯುಷ್ಯವೆಲ್ಲ ಸವೆಯಿತು” ಎಂದು ವೈದ್ಯನ ಪಾತ್ರದವನು ವೀರನನ್ನು ಚುಚ್ಚುವನು. “ನಿನ್ನ ಮದ್ದಿಗಿಂತ ರಾಕ್ಷಸನ ಗದೆಯೇ ಹಿತವಾಗಿತ್ತು” ಎಂದು ವೀರನು ತಿರುಗಿ ನುಡಿಯುವನು. ಮನೆ ತುಂಬ ನಗು. ಈ ಬಗೆಯ ಆಟಗಳಿಗೆ ಮೊದಲಿನದಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಅದರ ಬೇರು ಇನ್ನೂ ಹಿಂದಕ್ಕೆ, ಸೈನ್ಯಾಧಿಕಾರಿಗಳ ಶಿಕ್ಷಣಕ್ಕಾಗಿ ಪ್ರಷ್ಯದ ರೈಸ್‌ವಿಟ್ಸ್ ಎಂಬವನು ೧೮೨೪ರಲ್ಲಿ ಪ್ರಕಟಿಸಿದ ಯುದ್ಧದಾಟದವರೆಗೆ ಹೋಗುವುದು.

ಇದು ನಮಗೆ ಕೇವಲ ಪರದೇಶದ ಸರಕೆಂದು ಭಾವಿಸುವುದು ಸರಿಯಲ್ಲ. ಕರಾವಳಿಯ ತಾಳಮದ್ದಳೆಯನ್ನು ಕಂಡವರಿಗೆ ಈ ಮೇಜಿನ ಸುತ್ತಣ ಕೂಟವು ಅಪರಿಚಿತವೆನಿಸದು. ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ, ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡ ಜಿಲ್ಲೆಗಳ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ತಾಳಮದ್ದಳೆ ನಡೆಯುವುದು ಹಳೆಯ ವಾಡಿಕೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ್ಯವನ್ನು ಹಾಡುವನು. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ವಾಲಿಯಾಗಿ, ರಾಮನಾಗಿ, ಕರ್ಣನಾಗಿ, ಶಲ್ಯನಾಗಿ ಆ ಪದ್ಯಕ್ಕೆ ಸ್ಥಳದಲ್ಲಿಯೇ ಹೊಳೆದ ಮಾತುಗಳಿಂದ ಅರ್ಥ ಹೇಳುವರು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬), ದೇರಾಜೆ ಸೀತಾರಾಮಯ್ಯನವರು, ಮಲ್ಪೆಯ ಸಾಮಗ ಸಹೋದರರು ಮೊದಲಾದವರು ಈ ಕಲೆಯನ್ನು ಪಾಂಡಿತ್ಯದ ಮಟ್ಟಕ್ಕೆ ಏರಿಸಿದರು. ಉದ್ಯೋಗನಿಮಿತ್ತವಾಗಿ ಘಟ್ಟವನ್ನು ಹತ್ತಿ ಬಂದವರು ಇದನ್ನು ಬೆಂಗಳೂರಿಗೂ ತಂದಿರುವರು.

ಎರಡು ಆಟಗಳಿಗೂ ಇರುವ ಒಂದು ಸಾಮ್ಯವು ಗಮನಾರ್ಹವಾದುದು. ವಾಲಿಯು ಎಷ್ಟೇ ಚೆನ್ನಾಗಿ ವಾದಿಸಲಿ, ರಾಮಬಾಣದಿಂದ ಅವನಿಗೆ ಬಿಡುಗಡೆಯಿಲ್ಲ. ಪ್ರಸಂಗವು ಅದನ್ನು ಮೊದಲೇ ನಿಶ್ಚಯಿಸಿದೆ. ಮೇಜಿನ ಬಳಿಯ ವೀರನು ಎಷ್ಟೇ ಜಂಬ ಕೊಚ್ಚಲಿ, ದಾಳದಲ್ಲಿ ಒಂದು ಬಿದ್ದರೆ ಅವನ ಕತ್ತಿ ತಪ್ಪಿಯೇ ತಪ್ಪುವುದು. ಫಲವು ಮಾತಿನ ಕೈಯಲ್ಲಿಲ್ಲ. ಅದರಿಂದಲೇ ಮಾತಿಗೆ ಒಂದು ಅಪೂರ್ವವಾದ ಸ್ವಾತಂತ್ರ್ಯ ದೊರೆಯುವುದು. ನ್ಯಾಯಸ್ಥಾನದಲ್ಲಿಯೂ ಸಂತೆಯಲ್ಲಿಯೂ ನಾವು ಗೆಲುವಿಗಾಗಿ ಮಾತಾಡುತ್ತೇವೆ. ಇಲ್ಲಿ ಮಾತಿನ ಸೊಗಸಿಗಾಗಿ ಮಾತಾಡುತ್ತೇವೆ. ಎದುರಾಳಿಯು ಒಳ್ಳೆಯ ಪೆಟ್ಟು ಕೊಟ್ಟರೆ ಪೆಟ್ಟು ತಿಂದವನೇ ತಲೆದೂಗುವನು. ಏಕೆಂದರೆ ಅವರಿಬ್ಬರೂ ಪ್ರೀತಿಸುವ ವಸ್ತು ಒಂದೇ. ಕಥೆ ಮೇಲೇರಿದರೆ ಇಬ್ಬರೂ ಗೆದ್ದಂತೆ.

ಇಂತಹ ಪರಿಹಾಸಕ್ಕೆ ಮನುಷ್ಯಜೀವನದಲ್ಲಿ ಗೌರವದ ಸ್ಥಾನವುಂಟೆಂಬುದನ್ನು ಹಿರಿಯರು ಒಪ್ಪಿದ್ದಾರೆ. ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಸರಸೋಕ್ತಿಯನ್ನು ಒಂದು ಸದ್ಗುಣವೆಂದೇ ಗಣಿಸಿ, ಅದನ್ನು ಭಂಡತನಕ್ಕೂ ಒರಟುತನಕ್ಕೂ ನಡುವೆ ಇರಿಸಿದನು. ನಗಿಸುವುದಕ್ಕಾಗಿ ಯಾರನ್ನೂ ಬಿಡದವನು ಒಂದು ತುದಿ. ತಾನೂ ನಗಿಸದೆ ಪರರ ನಗೆಯನ್ನೂ ಸಹಿಸದವನು ಇನ್ನೊಂದು ತುದಿ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನು ವಿಶ್ವರೂಪವನ್ನು ಕಂಡು ನಡುಗಿ, ಆಟದಲ್ಲಿಯೂ ಊಟದಲ್ಲಿಯೂ ಗೆಳೆಯನೆಂದು ಸಲಿಗೆಯಿಂದ ಮಾಡಿದ ಪರಿಹಾಸಗಳಿಗಾಗಿ ಕ್ಷಮೆ ಬೇಡುವನು. ಆದರೆ ಅವನು ಆ ಕ್ಷಮೆಯೊಡನೆ ಬೇಡುವ ಇನ್ನೊಂದು ವರವನ್ನು ನಾವು ಮರೆಯಬಾರದು: ಹಿಂದಿನ ಸೌಮ್ಯರೂಪವನ್ನೇ ತೋರೆಂದು ಅವನ ಪ್ರಾರ್ಥನೆ. ಪರಿಹಾಸಕ್ಕೆ ಎಡೆಯಿಲ್ಲದಷ್ಟು ದೊಡ್ಡವನ ಎದುರಿನಲ್ಲಿ ಮನುಷ್ಯನು ಬಹುಕಾಲ ನಿಲ್ಲಲಾರನು. ಭಗವಂತನೂ ಗೆಳೆಯನಾಗಬೇಕಾದರೆ ನಗೆಮಾತಿಗೆ ನಿಲುಕುವಷ್ಟು ಸಣ್ಣವನಾಗಬೇಕಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಪಕ್ಷಗಳುಂಟು. ಆಟವು ಲೋಕಕ್ಕಿಂತ ಬೇರೆಯಾದ ಒಂದು ಅಂಗಳ, ಅಲ್ಲಿಯ ಮಾತಿಗೆ ಇಲ್ಲಿಯ ಲೆಕ್ಕ ಸಲ್ಲದು ಎಂಬುದು ಒಂದು ಪಕ್ಷ. ಹಾಲೆಂಡಿನ ಇತಿಹಾಸಕಾರನಾದ ಹೈಸಿಂಗನು ೧೯೩೮ರಲ್ಲಿ ಪ್ರಕಟವಾದ ‘ಹೋಮೋ ಲೂಡೆನ್ಸ್’ ಎಂಬ ಗ್ರಂಥದಲ್ಲಿ, ಆಟವು ತನ್ನದೇ ಆದ ಎಲ್ಲೆಯನ್ನೂ ನಿಯಮವನ್ನೂ ಉಳ್ಳದ್ದೆಂದು ವಿಸ್ತಾರವಾಗಿ ತೋರಿಸಿದನು. ಈ ಪಕ್ಷದವರಿಗೆ ಅದು ಆಧಾರವಾಗಬಹುದು. ಮಾತು ಎಲ್ಲಿ ಆಡಿದರೂ ಮಾತೇ, ಬಾಯಿ ಒಂದೇ, ಆದುದರಿಂದ ಹೊಣೆಯೂ ಒಂದೇ ಎಂಬುದು ಇನ್ನೊಂದು ಪಕ್ಷ. ಮೊದಲನೆಯದನ್ನು ಒಪ್ಪಿದರೆ ಕುಹಕಿಗಳಿಗೆಲ್ಲ ಕವಚ ತೊಡಿಸಿದಂತಾಗುವುದು. ಎರಡನೆಯದನ್ನು ಒಪ್ಪಿದರೆ ರಾವಣನ ಅರ್ಥ ಹೇಳುವವರು ಯಾರೂ ಸಿಕ್ಕಲಾರರು, ಆಟವೇ ನಿಂತುಹೋಗುವುದು. ಎಲ್ಲೆಯೊಂದು ಇದೆಯೆಂಬುದು ನಿಜ. ಆದರೆ ಆ ಎಲ್ಲೆಯನ್ನು ಯಾರು ಕಾಯಬೇಕು, ಅದು ಎಲ್ಲಿ ಒಡೆಯುವುದು ಎಂಬುದೇ ವಿಚಾರಾರ್ಹ. ಮಹಾಭಾರತದ ಮೂರು ಸಂದರ್ಭಗಳು ಇದಕ್ಕೆ ಬೆಳಕು ತೋರಬಲ್ಲವು.

ಕುರುಕ್ಷೇತ್ರದ ಯುದ್ಧವು ಮುಗಿದ ೩೬ನೆಯ ವರ್ಷದಲ್ಲಿ ಋಷಿಗಳು ದ್ವಾರಕೆಗೆ ಬಂದಾಗ, ಯಾದವ ಕುಮಾರರು ಸಾಂಬನಿಗೆ ಹೆಣ್ಣಿನ ವೇಷ ತೊಡಿಸಿ, ಈ ಗರ್ಭಿಣಿಗೆ ಹುಟ್ಟುವುದೇನೆಂದು ಕೇಳಿದರು. ಅವರ ಪಾಲಿಗೆ ಅದೊಂದು ವೇಷದ ಆಟ. ಅದರ ಫಲವಾಗಿ ಕುಲನಾಶಕವಾದ ಒನಕೆಯು ಹುಟ್ಟಿತು. ದೋಷವೆಲ್ಲಿ? ವೇಷ ತೊಟ್ಟುದು ದೋಷವಲ್ಲ. ಆಟಕ್ಕೆ ಬಾರದವರನ್ನು, ಅವರಿಗೆ ತಿಳಿಯದಂತೆ, ಆಟದ ಕಾಯಿಗಳನ್ನಾಗಿ ಮಾಡಿದುದು ದೋಷ. ದ್ಯೂತಸಭೆಯಲ್ಲಿ ದ್ರೌಪದಿಗಾದುದೂ ಇದೇ ಅಲ್ಲವೆ? ಅವಳು ದಾಳವನ್ನು ಮುಟ್ಟಲಿಲ್ಲ, ಆಟಕ್ಕೆ ಒಪ್ಪಿರಲಿಲ್ಲ, ಆದರೂ ಸೋಲು ಅವಳ ತಲೆಯ ಮೇಲೆ ಬಿದ್ದಿತು. ಆದುದರಿಂದ ಮೊದಲನೆಯ ನಿಯಮವಿದು: ಪೆಟ್ಟು ತಿನ್ನುವವನು ತಾನಾಗಿ ಬಂದು ಕುಳಿತವನಾಗಿರಬೇಕು. ಮೇಜಿನ ಬಳಿ ಇರದ ಗೆಳೆಯನ ಕುಂದನ್ನು ಒಂದು ಪಾತ್ರಕ್ಕೆ ಅಂಟಿಸಿ ನಗುವುದೂ, ಸಭೆಯಲ್ಲಿ ಸುಮ್ಮನೆ ಕುಳಿತ ಪ್ರೇಕ್ಷಕನ ಕಡೆಗೆ ಬೆರಳು ತೋರುವುದೂ ಆಟವೆನಿಸದು.

ಎರಡನೆಯದು, ಪೆಟ್ಟನ್ನು ಹಿಂದಿರುಗಿಸುವ ಶಕ್ತಿ. “ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ” ಎಂದು ನಮ್ಮ ಜನ ಎಂದೋ ತಿಳಿದು ಹೇಳಿದರು. ನುರಿತ ಅರ್ಥಧಾರಿಯೊಬ್ಬನು ಹೊಸಬನ ಎದುರಿಗೆ ಕುಳಿತು, ಅವನಿಗೆ ಉತ್ತರ ಹೊಳೆಯದಂತಹ ಶಾಸ್ತ್ರದ ತೊಡಕನ್ನು ಒಡ್ಡಿ, ಅವನು ತೊದಲುವುದನ್ನು ಕಂಡು ಸಭೆಯು ನಗುವಾಗ ತಾನೂ ನಕ್ಕರೆ, ಅಲ್ಲಿ ವಾದವೆಲ್ಲಿದೆ? ಪ್ರಸಂಗದಲ್ಲಿ ಗೆಲ್ಲಬೇಕಾದ ಪಾತ್ರವು ಹೊಸಬನದಾಗಿದ್ದರೆ ಕಥೆಗೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ. ಮೇಜಿನ ಆಟದಲ್ಲಿಯೂ ಹೀಗೆಯೇ. ಆರು ಮಂದಿ ಗಂಡಸರ ನಡುವೆ ಒಬ್ಬಳೇ ಹೆಣ್ಣುಮಗಳು, ಇಂಗ್ಲಿಷ್ ಸರಾಗವಾಗಿ ಬಲ್ಲವರ ನಡುವೆ ಹಳ್ಳಿಯಿಂದ ಬಂದ ಒಬ್ಬ ಹುಡುಗ: ಇವರ ಮೇಲೆ ಬಿದ್ದ ಒಂದು ಹಾಸ್ಯವು ಉಳಿದವರ ಮೇಲೆ ಬಿದ್ದ ಹತ್ತಕ್ಕಿಂತ ಭಾರವಾದುದು. ಅವರೂ ನಗುವರಲ್ಲ ಎನ್ನಬಹುದು. ನಗದೆ ಇದ್ದರೆ ಮುಂದಿನ ವಾರ ಕರೆಯಲಾರರೆಂಬ ಭಯದಿಂದ ನಗುವವರೂ ಉಂಟು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸ್ಮಿತದಿಂದ ಅತಿಹಸಿತದವರೆಗೆ ನಗೆಯಲ್ಲಿ ಆರು ಬಗೆಗಳನ್ನು ಎಣಿಸಿದನು. ಹಾಸ್ಯವನ್ನಾಡುವವನು ಏಳನೆಯದಾದ ಈ ಅಂಜಿಕೆಯ ನಗೆಯನ್ನು ಗುರುತಿಸಲು ಕಲಿಯಬೇಕು.

ಮೂರನೆಯ ಸಂದರ್ಭವು ಇನ್ನೂ ಸೂಕ್ಷ್ಮವಾದುದು. ಪ್ರಭಾಸದಲ್ಲಿ ಯಾದವರು ಪಾನಗೋಷ್ಠಿಯಲ್ಲಿ ಕುಳಿತಿರುವಾಗ ಸಾತ್ಯಕಿಯು ಕೃತವರ್ಮನನ್ನು, ಮಲಗಿದ್ದವರನ್ನು ಕೊಂದ ವೀರನೆಂದು ಹಂಗಿಸಿದನು. ಕೃತವರ್ಮನು ಭೂರಿಶ್ರವಸ್ಸಿನ ವಧೆಯನ್ನೆತ್ತಿ ಸಾತ್ಯಕಿಯನ್ನು ಹಂಗಿಸಿದನು. ಇಬ್ಬರೂ ಒಂದೇ ಗೋಷ್ಠಿಯವರು. ಇಬ್ಬರಿಗೂ ಉತ್ತರ ಕೊಡುವ ಶಕ್ತಿಯಿದ್ದಿತು. ಮೇಲೆ ಹೇಳಿದ ಎರಡು ನಿಯಮಗಳಿಗೂ ಇಲ್ಲಿ ಭಂಗವಿಲ್ಲ. ಆದರೂ ಸಾತ್ಯಕಿಯು ಖಡ್ಗವನ್ನೆತ್ತಿ ಕೃತವರ್ಮನ ತಲೆಯನ್ನು ಕತ್ತರಿಸಿದನು. ಅಲ್ಲಿಂದ ಮೊದಲಾದ ಕಾಳಗದಲ್ಲಿ ಯಾದವಕುಲವೇ ಅಳಿಯಿತು. ಏಕೆ? ಅವರ ಮಾತು ಕಲ್ಪಿತವಾದುದನ್ನು ಬಿಟ್ಟು ನಿಜವಾದ ಗಾಯವನ್ನು ಮುಟ್ಟಿತು. ಪರಿಹಾಸಕ್ಕೂ ಮೂದಲೆಗೂ ಇರುವ ಭೇದವಿದೇ. ಕನ್ನಡವು ಇವೆರಡಕ್ಕೂ ಬೇರೆ ಬೇರೆ ಶಬ್ದಗಳನ್ನು ಇರಿಸಿಕೊಂಡಿರುವುದು ವ್ಯರ್ಥವಲ್ಲ.

ಶಲ್ಯಸಾರಥ್ಯದ ಪ್ರಸಂಗವನ್ನು ನೆನೆಯಿರಿ. ಅಲ್ಲಿ ಶಲ್ಯನು ಕರ್ಣನನ್ನು ಸೂತಪುತ್ರನೆಂದು ಹೀಯಾಳಿಸಲೇಬೇಕು, ಹೀಯಾಳಿಸದಿದ್ದರೆ ಕಥೆಯಿಲ್ಲ. ಆ ಮಾತು ಕರ್ಣನಿಗೆ ಸಲ್ಲುವುದು. ಆದರೆ ಅರ್ಥ ಹೇಳುವವನು ಎದುರಿಗೆ ಕುಳಿತ ಮನುಷ್ಯನ ಜಾತಿಯನ್ನೊ, ಅವನ ತಂದೆಯ ಕಸುಬನ್ನೊ ಮನಸ್ಸಿನಲ್ಲಿಟ್ಟುಕೊಂಡು ಅದೇ ಶಬ್ದವನ್ನು ಒತ್ತಿ ನುಡಿದನೆನ್ನಿ. ಶಬ್ದವು ಅದೇ, ಪಾತ್ರವೂ ಅದೇ; ಸಭೆಯಲ್ಲಿ ಅರ್ಧ ಮಂದಿಗೆ ತಿಳಿಯಲಾರದು. ಆದರೆ ಆಡಿದವನಿಗೆ ತಿಳಿದಿದೆ, ಕೇಳಿದವನಿಗೂ ತಿಳಿದಿದೆ. ಪಾತ್ರವು ಇಲ್ಲಿ ಮರೆಯಲ್ಲಿ ನಿಂತು ಬಾಣ ಬಿಡುವುದಕ್ಕೆ ಒಂದು ಮರವಾಯಿತೇ ಹೊರತು ಪಾತ್ರವಾಗಿ ಉಳಿಯಲಿಲ್ಲ. ಇಂತಹ ಪೆಟ್ಟು ನೇರವಾದ ಬೈಗುಳಕ್ಕಿಂತ ಕ್ರೂರವಾದುದು. ಬೈಗುಳಕ್ಕೆ ಉತ್ತರ ಕೊಡಬಹುದು, ಇದಕ್ಕೆ ಉತ್ತರ ಕೊಡಹೊರಟರೆ “ಕರ್ಣನಿಗೆ ಹೇಳಿದ ಮಾತನ್ನು ನೀವೇಕೆ ತೆಗೆದುಕೊಂಡಿರಿ?” ಎಂದು ಎರಡನೆಯ ಸಲ ನಗೆಗೀಡಾಗಬೇಕು.

ಇದಕ್ಕೆ ಪರಿಹಾರವೇನು? ಮೇಜಿನಾಟದವರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಜಾನ್ ಸ್ಟಾವ್ರೊಪೌಲೋಸ್ ಎಂಬವನು ಪ್ರಚಾರಕ್ಕೆ ತಂದ ಈ ಪದ್ಧತಿಯಂತೆ, ಕತ್ತರಿಯಾಕಾರದ ಗೆರೆಗಳನ್ನೆಳೆದ ಒಂದು ಚೀಟಿಯು ಮೇಜಿನ ನಡುವೆ ಇರುವುದು. ಕಥೆಯೊ ಮಾತೊ ತನಗೆ ಸಹಿಸದಂತಾದರೆ ಯಾರಾದರೂ ಅದನ್ನು ಮುಟ್ಟಬಹುದು. ಆ ಭಾಗವನ್ನು ಕೂಡಲೇ ಕೈಬಿಟ್ಟು ಮುಂದುವರಿಯತಕ್ಕದ್ದು. ಮುಟ್ಟಿದವನು ಕಾರಣ ಹೇಳಬೇಕಾಗಿಲ್ಲ. ಇದರಿಂದ ಆಟದ ರಸವು ಕುಗ್ಗುವುದೆಂದು ಆಕ್ಷೇಪಿಸುವವರುಂಟು. ಮಾತಿನ ಮಧ್ಯೆ ಕಾವಲಿದ್ದರೆ ಸರಸವೆಲ್ಲಿ ಎಂದು ಅವರು ಕೇಳುವರು. ಆದರೆ ತಾಳಮದ್ದಳೆಯಲ್ಲಿ ಇಂತಹ ಕಾವಲು ಮೊದಲಿನಿಂದಲೂ ಉಂಟು; ಅದರಿಂದ ರಸಭಂಗವಾಗಿಲ್ಲ. ಅರ್ಥಧಾರಿಯ ಮಾತು ಅಳತೆ ಮೀರಿತೆಂದು ಕಂಡರೆ ಭಾಗವತನು ಯಾರನ್ನೂ ಗದರಿಸದೆ ಮುಂದಿನ ಪದ್ಯವನ್ನು ಎತ್ತಿಕೊಳ್ಳುವನು. ಮದ್ದಳೆ ನುಡಿಯಿತೆಂದರೆ ಮಾತು ನಿಲ್ಲಬೇಕು. ಯಾರ ಮಾನವೂ ಹೋಗದೆ ಎಲ್ಲೆಯು ಮತ್ತೆ ನೆಲೆಗೊಳ್ಳುವುದು. ತೂಗುಮಂಚಕ್ಕೆ ಸರಪಣಿಯಿರುವುದು ತೂಗುವುದಕ್ಕೆ ಅಡ್ಡಿಯಲ್ಲ. ಸರಪಣಿಯಿರುವುದರಿಂದಲೇ ಅದು ತೂಗುವುದು.

ಹಾಗಾದರೆ ಆಟದ ಮಾತಿನ ಹೊಣೆ ಯಾರದು? ನುಡಿಯು ಪಾತ್ರದ್ದು, ಆ ನುಡಿಯನ್ನು ಆರಿಸಿದ ಮನಸ್ಸು ಮನುಷ್ಯನದು. ರಾವಣನಾಗಿ ಗರ್ಜಿಸಿದುದಕ್ಕೆ ಯಾರೂ ಲೆಕ್ಕ ಕೇಳಲಾರರು. ರಾವಣನ ಬಾಯಿಂದ ಯಾರ ಮೇಲೆ ಗರ್ಜಿಸಿದೆಯೆಂಬುದಕ್ಕೆ ಲೆಕ್ಕವುಂಟು. ಅಲ್ಲದೆ ಈ ಹೊಣೆಯು ಆಡಿದವನೊಬ್ಬನದೇ ಅಲ್ಲ. ನಕ್ಕವರದೂ ಆಗಿದೆ; ಸೂತ್ರಧಾರನದೂ ಭಾಗವತನದೂ ವಿಶೇಷವಾಗಿ ಆಗಿದೆ; ಕೂಟದಲ್ಲಿ ಹಿರಿಯನೆನಿಸಿಕೊಂಡವನದು ಎಲ್ಲರಿಗಿಂತ ಹೆಚ್ಚಾಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಸರಸವನ್ನು ಅಳೆದು ಸುರಿಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಊರು ಬಿಟ್ಟು ಬಂದು, ಅಕ್ಕಪಕ್ಕದ ಮನೆಯವರ ಹೆಸರೂ ತಿಳಿಯದೆ ವರ್ಷಗಳನ್ನು ಕಳೆಯುವ ತರುಣರಿಗೆ, ವಾರಕ್ಕೊಂದು ಸಂಜೆ ತಮ್ಮನ್ನು ಕೀಟಲೆ ಮಾಡುವವರು ನಾಲ್ವರಿರುವುದು ಸಣ್ಣ ಭಾಗ್ಯವಲ್ಲ. ತನ್ನ ಹೆಸರಿನಲ್ಲಿ ನಾಲ್ಕು ಮಾತಾಡಲು ನಾಚುವವನು ಕಳ್ಳನ ಹೆಸರಿನಲ್ಲಿ ನಾಲ್ಕು ಗಂಟೆ ಮಾತಾಡಬಲ್ಲನು. ಹಾಗೆ ಮಾತಾಡಿ ಮಾತಾಡಿ ಒಂದು ದಿನ ತನ್ನ ಹೆಸರಿನಲ್ಲಿಯೂ ಮಾತಾಡುವನು. ಕೂಟವು ಕೆಟ್ಟರೆ ಅವನು ಕಳೆದುಕೊಳ್ಳುವುದು ಒಂದು ಆಟವನ್ನಲ್ಲ, ಆ ದಿನವನ್ನು. ಆದಕಾರಣ ಆಟ ಮುಗಿದು ದಾಳಗಳನ್ನು ಚೀಲಕ್ಕೆ ಹಾಕುವಾಗ, ಮಂಗಳಪದ ಮುಗಿದು ತಾಳವನ್ನು ಕೆಳಗಿಡುವಾಗ, ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕಾದುದು ಒಂದೇ: ಈ ಹೊತ್ತು ನಾನು ಹೆಚ್ಚಾಗಿ ಚುಚ್ಚಿದವನು ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಕುಳಿತುಕೊಳ್ಳುವನೆ? ಕುಳಿತುಕೊಳ್ಳುವನೆಂದು ಮನಸ್ಸು ನುಡಿದರೆ, ಆಡಿದುದು ಪರಿಹಾಸ. ಸಂದೇಹ ಬಂದರೆ, ಅವನು ಮೆಟ್ಟಿಲಿಳಿಯುವ ಮುಂಚೆ ಅವನನ್ನು ಅವನ ಸ್ವಂತ ಹೆಸರಿನಿಂದ ಕೂಗಿ ಕರೆಯುವುದು ಒಳ್ಳೆಯದು.