ಗೊತ್ತಿದ್ದೂ ಹೇಳದಿದ್ದರೆ

ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟರು. ಹೆಣ್ಣುಮಕ್ಕಳಿಗಂತೂ ಅದನ್ನು ತುಸು ಹೆಚ್ಚಾಗಿಯೇ ಹೇಳಿಕೊಟ್ಟರು. ಸುಳ್ಳಾಡಬಾರದು, ಚಾಡಿ ಹೇಳಬಾರದು, ಕೇಳದೆ ಬುದ್ಧಿ ಹೇಳಬಾರದು, ಇನ್ನೊಬ್ಬರ ಮನೆಯ ವಿಚಾರಕ್ಕೆ ಬಾಯಿ ಹಾಕಬಾರದು. ಹೀಗೆ ಆಡಿದ ಮಾತಿನಿಂದ ಬರುವ ಪಾಪಗಳ ಪಟ್ಟಿ ದೊಡ್ಡದೇ ಇತ್ತು. ಆಡದೆ ಬಿಟ್ಟ ಮಾತಿನಿಂದಲೂ ಪಾಪ ತಗಲುತ್ತದೆಯೇ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಆ ಪ್ರಶ್ನೆ ನನಗೆ ಎದುರಾದದ್ದು ಅರವತ್ತರ ಹತ್ತಿರ ಬಂದಮೇಲೆ, ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ.

ಗುಂಡ್ಲುಪೇಟೆ ನನ್ನ ತವರು. ಸೇರಿದ ಮನೆ ಚಾಮರಾಜನಗರ. ನಡುವೆ ತೆರಕಣಾಂಬಿ. ನಾನು ಚಿಕ್ಕವಳಿದ್ದಾಗ ಗುಂಡ್ಲುಪೇಟೆಯಲ್ಲಿ ಊರಾಡಳಿತದ ಸುದ್ದಿ ತಮಟೆಯ ಮೇಲೆ ಬರುತ್ತಿತ್ತು. ಟಾಂ ಟಾಂ ಹೊಡೆಯುವವನು ಬೀದಿಯ ಮೂಲೆಯಲ್ಲಿ ನಿಂತು ನಾಲ್ಕು ಪೆಟ್ಟು ಬಡಿದು, "ಕೇಳ್ರಪ್ಪೋ ಕೇಳಿ, ನಾಳೆ ಬೆಳಿಗ್ಗೆ ಮಕ್ಕಳಿಗೆ ಮೈಲಿ ಹಾಕ್ತಾರೆ" ಎಂದೋ, "ಕಂದಾಯ ಕಟ್ಟದವರು ಈ ವಾರದೊಳಗೆ ಕಟ್ಟಬೇಕು" ಎಂದೋ ಕೂಗಿ ಮುಂದಿನ ಮೂಲೆಗೆ ಹೋಗುತ್ತಿದ್ದ. ಅವನ ಕೂಗು ಬೀದಿಯ ಕೊನೆಯ ಮನೆಗಳಿಗೆ ಮುಟ್ಟುತ್ತಿರಲಿಲ್ಲ. ನಮ್ಮವ್ವ ಒರಳಿನ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಎದ್ದು ಹಿತ್ತಿಲ ಗೋಡೆಯ ಹತ್ತಿರ ಹೋಗಿ, ಹಿಂದಿನ ಬೀದಿಯವರನ್ನು ಕೂಗಿ ಕರೆದು ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದಳು. ಅವರು ತಮ್ಮ ಪಕ್ಕದವರಿಗೆ ಹೇಳುತ್ತಿದ್ದರು. ಓದಲು ಬಾರದ ಹೆಂಗಸು ನಮ್ಮವ್ವ. "ನಿಂಗ್ಯಾಕವ್ವ ಊರ ಉಸಾಬರಿ?" ಎಂದು ನಾನು ಕೇಳಿದರೆ, "ಕೇಳಿಸ್ಕೊಂಡವರು ಹೇಳ್ಬೇಕು ಕಣೇ, ಇಲ್ದಿದ್ರೆ ಅವನು ಬಡಿದಿದ್ದು ದಂಡ" ಎನ್ನುತ್ತಿದ್ದಳು.

ನಾನು ಓದಿದೆ, ಮೇಷ್ಟರ ಕೆಲಸಕ್ಕೆ ಸೇರಿದೆ, ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ನಮ್ಮದೇ ಒಂದು ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಚೇರಿಗೊಂದು ಬೋರ್ಡು ಬಂತು, ಬೋರ್ಡಿನ ಮೇಲೆ ಪ್ರಕಟಣೆಗಳು ಬಂದವು. ತಮಟೆಯ ಜಾಗಕ್ಕೆ ಆಟೋದ ಮೇಲಿನ ಮೈಕು, ಪತ್ರಿಕೆಯ ಒಳಪುಟದ ಸಣ್ಣ ಅಕ್ಷರ ಬಂದವು. ನನಗೇನೂ ತೊಂದರೆಯಾಗಲಿಲ್ಲ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅಭ್ಯಾಸ ನನ್ನದು. ಮನೆ ಕಂದಾಯವನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ನೂರಕ್ಕೆ ಐದು ರೂಪಾಯಿ ರಿಯಾಯಿತಿ ಸಿಗುವುದು ನನಗೆ ಗೊತ್ತು. ಯಾವ ಅರ್ಜಿಗೆ ಯಾವ ದಾಖಲೆ ಲಗತ್ತಿಸಬೇಕೆಂಬುದೂ ಗೊತ್ತು. ಇದು ಜಾಣತನವೆಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

2009ರಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಆಗ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿಗೂ ಚೊಚ್ಚಲು, ಏಳು ತಿಂಗಳು ತುಂಬಿತ್ತು. ಆಕೆಯ ಹೆಸರು ಇಲ್ಲಿ ಬೇಡ. ಆಕೆಯ ತವರೂ ಗುಂಡ್ಲುಪೇಟೆ. ಹಾಗಾಗಿ ನಮ್ಮಿಬ್ಬರಿಗೂ ಒಂದು ಸಲಿಗೆಯಿತ್ತು. ಒಂದು ದಿನ ಮೊಮ್ಮಗನನ್ನು ಆಕೆಯ ಕೈಗೆ ಕೊಟ್ಟು, "ಮಗುವಿನ ಜನನ ಪತ್ರ ತರ್ಬೇಕು, ನಗರಸಭೆಗೆ ಹೋಗಿ ಬರ್ತೀನಿ, ಸ್ವಲ್ಪ ನೋಡ್ಕೋ" ಎಂದು ಹೋದೆ. ಬರುವಾಗ ಐದು ಪ್ರತಿ ಮಾಡಿಸಿಕೊಂಡು ಬಂದೆ. ಆಕೆ ಅದನ್ನು ನೋಡಿದಳು. "ಎಷ್ಟೊಂದು ಕಾಗದ!" ಎಂದು ನಕ್ಕಳು. ನಾನೂ ನಕ್ಕೆ. ಒಂದು ಪ್ರತಿಯನ್ನು ಬೀರುವಿನಲ್ಲಿಟ್ಟು ಅಡುಗೆಗೆ ಹೋದೆ.

ಆಮೇಲೆ ಆಕೆ ತವರಿಗೆ ಹೋದಳು. ರಾತ್ರಿ ಹೊತ್ತಿನಲ್ಲಿ ಥಟ್ಟನೆ ನೋವು ಬಂದು ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಐದು ತಿಂಗಳ ಕೂಸನ್ನು ಎತ್ತಿಕೊಂಡು ಮತ್ತೆ ಕೆಲಸಕ್ಕೆ ಬಂದಾಗ ನನಗೆ ಸಂತೋಷವಾಯಿತು. ಮೊಮ್ಮಗನ ಬಟ್ಟೆ ಕೊಟ್ಟೆ, ಸ್ವೆಟರ್ ಕೊಟ್ಟೆ, ಕುಲಾವಿ ಕೊಟ್ಟೆ. ಎರಡು ಮಾತು ಕೊಡಲಿಲ್ಲ. ಆ ಎರಡು ಮಾತಿಗೆ ಎಷ್ಟು ಬೆಲೆಯಿತ್ತೆಂದು ಮುಂದೆ ತಿಳಿಯಿತು.

ಮಗುವಿಗೆ ಆರು ವರ್ಷವಾಗಿ ಶಾಲೆಗೆ ಸೇರಿಸಿದರು. ಜನನ ಪತ್ರವಿಲ್ಲವೆಂದು ಶಾಲೆಯಲ್ಲಿ ಬೇಡವೆನ್ನಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಆದರೆ ಶಾಲೆಯ ಬಾಗಿಲಲ್ಲಿ ಬೇರೆ ತಾಯಂದಿರು 'ಬಾಂಡು' 'ಬಾಂಡು' ಎಂದು ಮಾತಾಡಿಕೊಳ್ಳುವುದು ಆಕೆಯ ಕಿವಿಗೆ ಬಿತ್ತು. ಮಾರನೆಯ ದಿನ ಪಾತ್ರೆ ತೊಳೆಯುತ್ತ, "ಅದೇನೋ ಹೆಣ್ಣು ಮಗೀಗೆ ಬಾಂಡಂತೆ ಅಮ್ಮೋರೇ, ನಮ್ಮ ಮಗೀಗೂ ಮಾಡಿಸ್ಕೊಡಿ" ಎಂದಳು.

ಅದು ಭಾಗ್ಯಲಕ್ಷ್ಮಿ ಯೋಜನೆಯ ಬಾಂಡು. 2006ರ ಮಾರ್ಚ್ 31ರ ನಂತರ ಬಡತನ ರೇಖೆಯ ಕೆಳಗಿನ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ, ಮನೆಗೆ ಇಬ್ಬರಂತೆ, ಕರ್ನಾಟಕ ಸರ್ಕಾರ ಹಣ ತೊಡಗಿಸಿ ಕೊಡುತ್ತಿದ್ದ ಬಾಂಡು ಅದು. ಆ ಮಗು ಹುಟ್ಟಿದ ಕಾಲದ ಲೆಕ್ಕದಲ್ಲಿ ಹದಿನೆಂಟು ತುಂಬಿದಾಗ ಸುಮಾರು ಒಂದು ಲಕ್ಷ ರೂಪಾಯಿ. ಹುಡುಗಿ ಶಾಲೆ ಬಿಡಬಾರದು, ಹದಿನೆಂಟರೊಳಗೆ ಮದುವೆ ಮಾಡಬಾರದು ಎಂಬ ಷರತ್ತುಗಳಿದ್ದವು. ಒಳ್ಳೆಯ ಷರತ್ತುಗಳೇ. ಇನ್ನೊಂದು ಷರತ್ತೂ ಇತ್ತು: ಮಗು ಹುಟ್ಟಿದ ಒಂದು ವರ್ಷದೊಳಗೆ ಜನನ ಪತ್ರದೊಡನೆ ಹೆಸರು ನೋಂದಾಯಿಸಬೇಕು.

ಈ ಮಗುವಿಗೆ ಆರು ವರ್ಷ, ಜನನ ಪತ್ರವೇ ಇಲ್ಲ. ತವರಿನವರು ಗಂಡನ ಮನೆಯವರು ಬರೆಸುತ್ತಾರೆ ಎಂದುಕೊಂಡಿದ್ದರು. ಗಂಡನ ಮನೆಯವರು ತವರಿನಲ್ಲೇ ಆಗಿರುತ್ತದೆ ಎಂದುಕೊಂಡಿದ್ದರು. ಕಾನೂನಿನಲ್ಲಿ ಗೊಂದಲವಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ಬರೆಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ತಿಳಿಸುವ ಹೊಣೆ ಆಸ್ಪತ್ರೆಯದು, ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನನದು. 21 ದಿನದೊಳಗಾದರೆ ಕಾಸಿನ ಖರ್ಚಿಲ್ಲ. ತಿಂಗಳೊಳಗಾದರೆ ತಡವಾದದ್ದಕ್ಕೆ ಶುಲ್ಕ, ವರ್ಷದೊಳಗಾದರೆ ಅಧಿಕಾರಿಯ ಅನುಮತಿ ಮತ್ತು ಅಫಿಡವಿಟ್ಟು. ವರ್ಷ ದಾಟಿದರೆ, ಆಗಿದ್ದ ಕಾಯ್ದೆಯಂತೆ, ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ಹೀಗಾಗಿ ನಾವಿಬ್ಬರೂ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಪುರಸಭೆಯಲ್ಲಿ ಪುಸ್ತಕ ತೆಗೆದು ನೋಡಿ, ಇಂಥ ಜನನ ನೋಂದಣಿಯಾಗಿಲ್ಲವೆಂದು ಬರೆದುಕೊಟ್ಟರು. ಅದನ್ನು ಹಿಡಿದು ವಕೀಲರಲ್ಲಿಗೆ, ವಕೀಲರಿಂದ ಕೋರ್ಟಿಗೆ. ಯಾರೂ ನಮ್ಮನ್ನು ಗದರಲಿಲ್ಲ, ಯಾರೂ ಕೈ ಚಾಚಲಿಲ್ಲ. ಎಲ್ಲರೂ ತಮ್ಮ ಕೆಲಸ ಮಾಡಿದರು. ಆದರೂ ಆಕೆ ಆರು ದಿನದ ಕೂಲಿ ಕಳೆದುಕೊಂಡಳು. ಕೊನೆಗೆ ಜನನ ಪತ್ರ ಬಂತು. ಬಾಂಡಿನ ಕಾಲ ಮಾತ್ರ ಐದು ವರ್ಷದ ಹಿಂದೆಯೇ ಮುಗಿದುಹೋಗಿತ್ತು.

ಮೊದಲ ದಿನದ ಬಸ್ಸಿನಲ್ಲೇ ನಾನು ಆಕೆಯನ್ನು ಕೇಳಿದ್ದೆ: "ಒಂದು ಮಾತು ನನ್ನ ಕೇಳ್ಬಾರ್ದಿತ್ತಾ? ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲ!" ಆ ಮಾತಿನಲ್ಲಿ ಸ್ವಲ್ಪ ಆಕ್ಷೇಪಣೆಯೂ ಇತ್ತು. ಆಕೆ ಕಿಟಕಿಯ ಹೊರಗೆ ನೋಡುತ್ತ, "ಕೇಳ್ಬೇಕು ಅನ್ನೋದೇ ಗೊತ್ತಿರ್ನಿಲ್ವಲ್ಲ ಅಮ್ಮೋರೇ" ಎಂದಳು. ದೂರಿನ ಧ್ವನಿಯಲ್ಲ. ಮಳೆ ಬರಲಿಲ್ಲ ಎನ್ನುವ ಹಾಗೆ ಅಷ್ಟು ಸಹಜವಾಗಿ ಹೇಳಿದಳು.

ನನ್ನ ಬಾಯಿ ಕಟ್ಟಿತು. ಕೇಳಿದರೆ ಹೇಳುತ್ತೇನೆ ಎನ್ನುವುದು ನಮ್ಮಂಥ ಓದಿದವರ ದೊಡ್ಡ ಸಮಾಧಾನ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯೂ ನಮ್ಮ ಬೆಂಬಲಕ್ಕಿದೆ. ಆದರೆ ಕೇಳಬೇಕಾದರೂ ಅರ್ಧ ಗೊತ್ತಿರಬೇಕು. ಹೀಗೊಂದು ಕಾಗದ ಇದೆ, ಅದಕ್ಕೊಂದು ಗಡುವು ಇದೆ ಎಂಬುದೇ ತಿಳಿಯದವಳು ಏನೆಂದು ಕೇಳಿಯಾಳು? ಪೂರಾ ಗೊತ್ತಿಲ್ಲದವರು ಸುಮ್ಮನೇ ಇರುತ್ತಾರೆ. ಅವರ ಸುಮ್ಮನಿರುವಿಕೆಯನ್ನು ನಾವು 'ಅವರಿಗೆ ಬೇಕಿಲ್ಲ' ಎಂದು ಓದಿಕೊಳ್ಳುತ್ತೇವೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರದು ನೇರ ಮಾತು. "ನೀನೇನು ನಗರಸಭೆಯ ನೌಕರಳೇ? ಹೇಳೋದಕ್ಕೆ ಸರ್ಕಾರ ಸಂಬಳ ಕೊಟ್ಟು ಜನ ಇಟ್ಟಿದೆ. ಊರಿನವರಿಗೆಲ್ಲ ಹೇಳ್ಕೊಂಡು ಹೋದ್ರೆ ನಿನ್ನ ಕೆಲಸ ಯಾವಾಗ ಮಾಡ್ತೀಯ?" ಎಂದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹೇಳುವ ಹೊಣೆ ಮೊದಲು ಸರ್ಕಾರದ್ದೇ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ನು, ಜನ ಅರ್ಜಿ ಹಾಕಿ ಕೇಳುವ ಮೊದಲೇ ಕಚೇರಿಗಳು ತಾವಾಗಿ ತಿಳಿಸಬೇಕು ಎನ್ನುತ್ತದೆ. ಆ ಸ್ಥಳದ ಭಾಷೆಯಲ್ಲಿ, ಫಲಕದ ಮೂಲಕ, ಪತ್ರಿಕೆಯ ಮೂಲಕ, ಸಾರ್ವಜನಿಕ ಪ್ರಕಟಣೆಯ ಮೂಲಕ ತಿಳಿಸಬೇಕು ಎಂದೂ ಅದರಲ್ಲಿದೆ. ನಮ್ಮವ್ವನ ಕಾಲದ ತಮಟೆಯೇ ಕಾನೂನಾಗಿ ಬಂದಂತಿದೆ. 2012ರ ಏಪ್ರಿಲ್‌ನಲ್ಲಿ ಸಕಾಲ ಬಂದಮೇಲೆ ಯಾವ ಕೆಲಸ ಎಷ್ಟು ದಿನದಲ್ಲಿ ಆಗಬೇಕೆಂದೂ ನಿಗದಿಯಾಯಿತು. ಆದರೆ ಸಕಾಲದ ದಿನಗಳ ಲೆಕ್ಕ ಶುರುವಾಗುವುದು ಅರ್ಜಿ ಕೊಟ್ಟಮೇಲೆ. ಅರ್ಜಿಯನ್ನೇ ಕೊಡದವಳಿಗೆ ಅದರಿಂದ ಏನು ಬಂತು?

ಇನ್ನೂ ಒಂದು ವಿಚಿತ್ರವಿದೆ. ಕಾನೂನು ಗೊತ್ತಿರಲಿಲ್ಲ ಎಂದರೆ ಕೋರ್ಟು ಒಪ್ಪುವುದಿಲ್ಲ. ಎಲ್ಲರಿಗೂ ಗೊತ್ತಿದೆ ಎಂದೇ ಅದು ನಡೆಯುತ್ತದೆ. ನಾವು ಕೊಡಬೇಕಾದ್ದರ ವಿಷಯದಲ್ಲಿ ಇದು ಹೇಗೋ ನಡೆಯುತ್ತದೆ, ಏಕೆಂದರೆ ಕಂದಾಯ ಬಾಕಿಯಿದ್ದರೆ ನೋಟೀಸು ಮನೆಯ ಬಾಗಿಲಿಗೇ ಬರುತ್ತದೆ. ನಮಗೆ ಬರಬೇಕಾದ್ದು ಮಾತ್ರ ಬೋರ್ಡಿನ ಮೇಲೆ ಕುಳಿತು, ಓದಬಲ್ಲವರು ಬರಲಿ ಎಂದು ಕಾಯುತ್ತದೆ. ಹೀಗಿರುವಾಗ ಓದಬಲ್ಲವಳು ಓದಿಕೊಂಡು, ತನ್ನದಷ್ಟನ್ನು ಮಾಡಿಸಿಕೊಂಡು, ಪಕ್ಕದಲ್ಲೇ ಇದ್ದವಳಿಗೆ ಹೇಳದೆ ಬಂದರೆ ಅದನ್ನು ಏನೆಂದು ಕರೆಯೋಣ? ಕಳ್ಳತನವಲ್ಲ, ಆಕೆಯದನ್ನು ನಾನು ತೆಗೆದುಕೊಳ್ಳಲಿಲ್ಲ. ಮೋಸವೂ ಅಲ್ಲ, ನಾನು ಸುಳ್ಳು ಹೇಳಲಿಲ್ಲ. ಬಾವಿಯ ಹತ್ತಿರ ಕಣ್ಣು ಕಾಣದವರು ನಡೆದು ಹೋಗುತ್ತಿದ್ದಾಗ ಕೂಗದೆ ನಿಂತವರೂ ಏನನ್ನೂ ಕದ್ದಿರುವುದಿಲ್ಲ. ನಿಂತವರಿಗೆ ಶಿಕ್ಷೆ ಕೊಡುವ ಕಾನೂನು ಬೇಕೆಂದು ನಾನು ಹೇಳುತ್ತಿಲ್ಲ. ನಾನು ಯಾಕೆ ಕೂಗಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಕೆಟ್ಟ ಮನಸ್ಸಿನಿಂದ ಹೇಳದೆ ಇದ್ದವಳಲ್ಲ ನಾನು. ಹೊಳೆಯಲಿಲ್ಲ, ಅಷ್ಟೆ. ಯೋಚಿಸಿದಷ್ಟೂ ಆ ಹೊಳೆಯದಿರುವುದೇ ನನ್ನನ್ನು ಕಾಡುತ್ತದೆ. ಮೊಮ್ಮಗನಿಗೆ ಐದು ಪ್ರತಿ ಬೇಕೆಂದು ಹೊಳೆದ ನನಗೆ, ಎದುರಿಗೇ ತುಂಬಿದ ಬಸುರಿ ನಿಂತಿದ್ದರೂ ಆಕೆಯ ಮಗುವಿಗೆ ಒಂದು ಪ್ರತಿ ಬೇಕಾಗುತ್ತದೆಂದು ಯಾಕೆ ಹೊಳೆಯಲಿಲ್ಲ? ಆಕೆಗೆ ಬಟ್ಟೆ ಬೇಕು, ಮಿಕ್ಕ ಸಾರು ಬೇಕು, ಮುಂಗಡ ಸಂಬಳ ಬೇಕು ಎಂಬುದೆಲ್ಲ ಹೊಳೆಯುತ್ತಿತ್ತು. ಕಾಗದ ಪತ್ರ ಬೇಕಾದವರು ನಾವು, ಹಳೆಯ ಬಟ್ಟೆ ಬೇಕಾದವರು ಅವರು ಎಂದು ಮನಸ್ಸು ಯಾವಾಗಲೋ ಹಂಚಿಕೊಂಡುಬಿಟ್ಟಿತ್ತು. ಹಳೆಯ ಬಟ್ಟೆ ಕೊಟ್ಟರೆ ನಾವು ಕೊಟ್ಟವರಾಗುತ್ತೇವೆ. ಸುದ್ದಿ ಹೇಳಿದರೆ ಅವರು ತಮ್ಮ ಹಕ್ಕಿನದನ್ನು ತಾವೇ ತೆಗೆದುಕೊಳ್ಳುತ್ತಾರೆ.

ಹಾಗೆಂದು ಹೇಳುವುದರಲ್ಲಿ ಅಪಾಯವಿಲ್ಲದಿಲ್ಲ. ಗೊತ್ತಿರುವುದನ್ನೇ ಬಂಡವಾಳ ಮಾಡಿಕೊಂಡ ಮಧ್ಯವರ್ತಿಗಳು ಕಚೇರಿಗಳ ಎದುರಿನ ಟೀ ಅಂಗಡಿಗಳಲ್ಲಿ ಕುಳಿತಿರುತ್ತಾರೆ. 'ನಾನು ಮಾಡಿಸಿಕೊಟ್ಟೆ' ಎಂಬ ಹಮ್ಮಿನಿಂದ ಹೇಳಿದರೆ ನಾವೂ ಕಾಸಿಲ್ಲದ ಮಧ್ಯವರ್ತಿಗಳೇ. ಹೇಳಿದ ಮೇಲೆ ಕೇಳಿದವಳು ತಾನೇ ಹೋಗಿ ಮಾಡಿಸಿಕೊಳ್ಳುವಂತಿರಬೇಕು, ಇನ್ನೊಬ್ಬಳಿಗೆ ಹೇಳುವಂತಿರಬೇಕು. ನಮ್ಮವ್ವ ಗೋಡೆಯ ಮೇಲಿಂದ ಹೇಳಿ, ಮತ್ತೆ ಒರಳಿನ ಮುಂದೆ ಬಂದು ಕೂರುತ್ತಿದ್ದಳು.

ಈಗ ಈ ಸುದ್ದಿಯ ತೂಕ ಇನ್ನೂ ಹೆಚ್ಚಾಗಿದೆ. 2023ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿ, ಮದುವೆಯ ನೋಂದಣಿ, ಸರ್ಕಾರಿ ನೌಕರಿ ಇವೆಲ್ಲಕ್ಕೂ ಹುಟ್ಟಿದ ದಿನ, ಹುಟ್ಟಿದ ಊರಿನ ಪುರಾವೆ ಜನನ ಪತ್ರವೇ. ನಮ್ಮ ಬೀದಿಯಲ್ಲಿ ಯಾರಾದರೂ ಬಸುರಿ ಎಂದು ಗೊತ್ತಾದರೆ ನಾನು ನಿಲ್ಲಿಸಿ, "21 ದಿನ ಕಣಮ್ಮ, ಹುಟ್ಟಿದ ಊರಲ್ಲೇ ಬರೆಸ್ಬೇಕು" ಎನ್ನುತ್ತೇನೆ. ಸೊಸೆ ನನಗೆ 'ಇಪ್ಪತ್ತೊಂದು ದಿನದ ಅತ್ತೆ' ಎಂದು ಹೆಸರಿಟ್ಟಿದ್ದಾಳೆ. ಕೆಲವರು ಗೊತ್ತು ಎನ್ನುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಒಮ್ಮೊಮ್ಮೆ ಒಬ್ಬಳು ನಿಂತು, "ಎಲ್ಲಿ ಬರೆಸ್ಬೇಕು, ಇನ್ನೊಂದು ಸಲ ಹೇಳಿ" ಎನ್ನುತ್ತಾಳೆ.

ಆ ಹುಡುಗಿಗೆ 2027ರಲ್ಲಿ ಹದಿನೆಂಟು. ಚೆನ್ನಾಗಿ ಓದುತ್ತಿದ್ದಾಳೆ. ಬಾರದೆ ಹೋದ ಲಕ್ಷ ರೂಪಾಯಿಗೆ ಬದಲಾಗಿ ನಾನೇ ಏನಾದರೂ ಕೊಡಬೇಕೆಂದು ಅಂಚೆ ಕಚೇರಿಯಲ್ಲಿ ಸ್ವಲ್ಪ ಹಣ ಕಟ್ಟುತ್ತ ಬಂದಿದ್ದೇನೆ. ಕೊಟ್ಟರೆ ಆಕೆ ಕೈ ಮುಗಿಯುತ್ತಾಳೆ, ದೊಡ್ಡ ಮನಸ್ಸು ಎನ್ನುತ್ತಾಳೆ. ಅದು ನನಗೆ ಹೆದರಿಕೆ. ಏಕೆಂದರೆ, ಬಸ್ಸಿನಲ್ಲಿ ಆಕೆಯನ್ನು ಆಕ್ಷೇಪಿಸಿದ ನಾನು, 'ನಿನ್ನ ಕೈಗೆ ಮೊಮ್ಮಗನನ್ನು ಕೊಟ್ಟು ಹೋದ ದಿನ ನನಗೆ ಎಲ್ಲ ಗೊತ್ತಿತ್ತು, ಬಾಂಡಿನ ವಿಷಯವನ್ನೂ ಪತ್ರಿಕೆಯಲ್ಲಿ ಓದಿದ್ದೆ, ನಿನಗೆ ಹೇಳಲಿಲ್ಲ' ಎಂದು ಇವತ್ತಿನವರೆಗೂ ಆಕೆಗೆ ಹೇಳಿಲ್ಲ. ಹಣ ಕೊಡುವ ಮೊದಲು ಅದನ್ನು ಹೇಳಬೇಕು. ಆಕೆ ಈಗಲೂ ದಿನಾ ಬೆಳಿಗ್ಗೆ ಏಳಕ್ಕೆ ಬರುತ್ತಾಳೆ.